ಮೂರನೇ ವಾಲ್ವಿನ ಮನೆಗಳು

ಆಳೆತ್ತರದ ಕಬ್ಬಿಣದ ಚಾವಿಯನ್ನು ಹೆಗಲಿಗೇರಿಸಿ ಚಾವಿ ತಾತ ಓಣಿಯ ಬಾಯಿಗೆ ಬಂದನೆಂದರೆ ಸಾಕು, ಒಲೆಯ ಮೇಲಿದ್ದುದನ್ನು ಇಳಿಸಿ ಹೆಂಗಸರು ಕೊಡ ಹಿಡಿದು ನಲ್ಲಿಗೆ ಓಡುತ್ತಿದ್ದರು. ರಸ್ತೆಯ ಗುಂಡಿಯ ಮುಚ್ಚಳ ತೆಗೆದು, ಚಾವಿ ಇಳಿಬಿಟ್ಟು, ವಾಲ್ವು ತಿರುಗಿಸಿ ಪೇಟೆಗೆ ನೀರು ಬಿಡುವುದು ಅವನ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದ. ಓದು ಅಷ್ಟಕ್ಕಷ್ಟೆ. ಆದರೆ ನೆಲದಡಿಯ ಪೈಪುಗಳೆಲ್ಲ ಅವನಿಗೆ ಅಂಗೈಯ ಗೆರೆಗಳಷ್ಟು ಪರಿಚಿತ. ಚಾವಿಯ ಹಿಡಿಗೆ ಕಿವಿಯಾನಿಸಿದರೆ ನೀರು ಎಲ್ಲಿ ಸೋರುತ್ತಿದೆಯೆಂದು ಕರಾರುವಾಕ್ಕಾಗಿ ಹೇಳುತ್ತಿದ್ದ.

“ಊರಿಗೆಲ್ಲ ನೀರು ಬಿಡ್ತೀರಿ, ನಮ್ಮನೆ ಕೊಡ ಮಾತ್ರ ಬಾಯಿ ಬಿಟ್ಕೊಂಡು ಕೂತಿರುತ್ತೆ,” ಎಂದು ಹೆಂಡತಿ ಚುಚ್ಚುತ್ತಿದ್ದಳು.

“ಊರು ಕುಡಿದ ಮೇಲೇ ಯಜಮಾನ ಕುಡೀಬೇಕು ಕಣೇ.”

“ಓಹೋ, ಯಜಮಾನ್ರು! ಮೊದಲು ಈ ಕೊಡ ಎತ್ತಿ ಒಳಗಿಡಿ.”

ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿದ್ದಾಗ ಪೇಟೆಗೆ ಟೈಫಾಯಿಡ್ ಬಂತು. ಒಂದು ಮನೆ, ಎರಡು ಮನೆ ಎನ್ನುವಷ್ಟರಲ್ಲಿ ನಲವತ್ತು ಜನ ಹಾಸಿಗೆ ಹಿಡಿದರು. ದರ್ಜಿಯ ಆರು ವರ್ಷದ ಮಗಳಂತೂ ಕಣ್ಣು ಬಿಡದಂತಾದಳು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಜನರಿಗೆ ದೂರಲು ಯಾರಾದರೊಬ್ಬರು ಬೇಕಲ್ಲ. ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹಾಲು ಹಾಕುತ್ತಿದ್ದ ಹಾಲಿನಕ್ಕ ಸಿಕ್ಕಳು. ಜ್ವರ ಅವಳ ಹಾಲಿನಿಂದಲೇ ಎಂದರು. ಅವಳ ಗಂಟೆ ಕೇಳಿದೊಡನೆ ಬಾಗಿಲುಗಳು ಮುಚ್ಚಿಕೊಂಡವು.

ಆ ಮಾತಿಗೆ ಕಿವಿಗೊಡದವಳು ಆರೋಗ್ಯ ಕೇಂದ್ರದ ನರ್ಸು ಒಬ್ಬಳೇ. ಮಕ್ಕಳ ಬಾಯಲ್ಲಿ ಅವಳು ಸೂಜಿಯಮ್ಮ. ಮನೆಮನೆ ಹತ್ತಿಳಿದು, ಜ್ವರ ಯಾವತ್ತು ಬಂತು, ಏನು ತಿಂದಿರಿ, ಏನು ಕುಡಿದಿರಿ ಎಂದು ಕೇಳಿ, ಓಣಿಗಳ ನಕ್ಷೆ ಬರೆದು, ಜ್ವರದ ಮನೆಗೊಂದು ಕೆಂಪು ಚುಕ್ಕೆ ಇಟ್ಟಳು. ಒಂದು ಬೆಳಿಗ್ಗೆ ಆ ಹಾಳೆ ಹಿಡಿದು ತಾತನ ಗುಂಡಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು.

“ತಾತ, ನನ್ನ ತಲೆ ಕೆಟ್ಟು ಮೊಸರುಗಡಿಗೆ ಆಗಿದೆ. ದರ್ಜಿ ಓಣೀಲಿ ಎಡಗಡೆ ಮನೆಗಳೆಲ್ಲ ಕೆಂಪು, ಬಲಗಡೆ ಒಂದೂ ಇಲ್ಲ. ಹಾಲು ಎರಡೂ ಕಡೆಗೆ ಒಂದೇ ಕ್ಯಾನಿಂದು. ಇದೆಂಥ ಲೆಕ್ಕ?”

ಮೂವತ್ತೊಂದು ವರ್ಷದಲ್ಲಿ ಕಾಗದ ತೋರಿಸಿ ಸಹಿ ಹಾಕಿಸಿಕೊಂಡವರಿದ್ದರು, ಅಭಿಪ್ರಾಯ ಕೇಳಿದವರಿರಲಿಲ್ಲ. ತಾತ ಒದ್ದೆ ಬೆರಳನ್ನು ಪಂಚೆಗೆ ಒರೆಸಿ ಹಾಳೆಯ ಮೇಲಿಟ್ಟ.

“ಓಣಿ ನೋಡಬೇಡ ತಾಯಿ, ಪೈಪು ನೋಡು. ಎಡಗಡೆಯದು ಹಳೇ ಲೈನು, ಬಲಗಡೆಯದು ಹೊಸದು. ನಿನ್ನ ಚುಕ್ಕೆಗಳೆಲ್ಲ ನನ್ನ ಮೂರನೇ ವಾಲ್ವಿನ ಮನೆಗಳು.”

ಹೇಳುತ್ತಲೇ ಬೆರಳು ಲಾಂಡ್ರಿಯ ತಿರುವಿಗೆ ಬಂದು ನಿಂತಿತು. ತಿರುವಿನಿಂದ ಮೇಲೆ ಒಂದು ಚುಕ್ಕೆಯಿಲ್ಲ, ಕೆಳಗೆಲ್ಲ ಕೆಂಪು. ತಾತ ಬೆರಳನ್ನು ಹಾಳೆಯಿಂದ ಹಿಂದಕ್ಕೆಳೆದುಕೊಂಡ.

ಏಳು ವರ್ಷದ ಹಿಂದೆ ಅಲ್ಲಿ ಪೈಪು ಸೀಳಿತ್ತು. ಕೊಡಗಳ ಸಾಲು ಬೆಳೆಯುತ್ತಿತ್ತು, ಹೊಸ ಪೈಪು ಬರುವುದು ತಡವಾಗಿತ್ತು. ತಾತ ಹಳೆಯ ಸೈಕಲ್ ಟ್ಯೂಬು ಸುತ್ತಿ, ತಂತಿ ಬಿಗಿದು, ಮಣ್ಣು ಮುಚ್ಚಿದ್ದ. ಬರುವ ವಾರ ಸರಿಮಾಡಿದರಾಯಿತು ಎಂದುಕೊಂಡಿದ್ದ. ನೀರು ಬಂತು, ಜನ ಭೇಷ್ ಎಂದರು, ಆ ವಾರ ಮಾತ್ರ ಬರಲೇ ಇಲ್ಲ. ಊರೆಲ್ಲ ಕಿವಿಯಿಟ್ಟು ಕೇಳುವವನು ಅಲ್ಲೊಂದು ಕಡೆ ಒಮ್ಮೆಯೂ ಕೇಳಿರಲಿಲ್ಲ. ತನ್ನ ಕೈಯ ಕಟ್ಟು, ಅದಕ್ಕೇನಾಗುತ್ತದೆ! ಪಕ್ಕದಲ್ಲೇ ಮೊಳ ದೂರಕ್ಕೆ ಚರಂಡಿ.

ಮಧ್ಯಾಹ್ನ ನೀರು ನಿಲ್ಲಿಸಿದ ಮೇಲೆ ತಿರುವಿನಲ್ಲಿ ಚಾವಿ ಊರಿ ಕಿವಿಯಾನಿಸಿದ. ಲೋಟದ ತಳದ ಕೊನೆಯ ಗುಟುಕನ್ನು ಮಗು ಸುರ್ರನೆ ಎಳೆಯುವಂಥ ಸದ್ದು. ನೀರು ನಿಂತಾಗಲೆಲ್ಲ ಖಾಲಿ ಪೈಪು ಚರಂಡಿಯನ್ನು ಹೀರುತ್ತಿತ್ತು.

ಊಟಕ್ಕೆ ಕೂತವನು ತಟ್ಟೆ ಮುಟ್ಟಲಿಲ್ಲ. ಹೆಂಡತಿಗೆ ಎಲ್ಲ ಹೇಳಿದ. “ನಾಲ್ಕು ತಿಂಗಳು ಕಣೇ. ಈಗ ಬಾಯಿ ಬಿಟ್ಟರೆ ಕೆಲಸವೂ ಹೋಯ್ತು, ಮಾನವೂ ಹೋಯ್ತು. ಸುಮ್ಮನಿದ್ರೆ ಇಂಜಿನಿಯರ್ ಸಾಹೇಬ್ರೇ ಅಗೆಸಿ ಹುಡುಕ್ಕೋತಾರೆ, ಇವತ್ತಲ್ಲ ನಾಳೆ.”

“ಅಲ್ಲೀವರೆಗೆ ಆ ಮನೆಯವರು ಏನು ಕುಡೀಬೇಕು?” ಎಂದಳು ಅವಳು. ಅಷ್ಟೇ. ಮೂಲೆಯಲ್ಲಿದ್ದ ಚಪ್ಪಲಿ ತಂದು ಅವನ ಮುಂದಿಟ್ಟಳು.

ಇಂಜಿನಿಯರ್ ಸಾಹೇಬರ ಮುಂದೆ ತಾತ ತಲೆ ತಗ್ಗಿಸಲಿಲ್ಲ, ಸುತ್ತಿ ಬಳಸಲೂ ಇಲ್ಲ. “ಲಾಂಡ್ರಿ ತಿರುವಿನಲ್ಲಿ ಅಗೆಸಿ ಸಾಹೇಬ್ರೇ. ಏಳು ವರ್ಷದ ಹಿಂದೆ ಅಲ್ಲಿ ಟ್ಯೂಬು ಕಟ್ಟಿದವನು ನಾನೇ.”

ಅಗೆದಾಗ ಕೊಳೆತ ಟ್ಯೂಬು ಕೈಗೆ ಚೂರು ಚೂರಾಗಿ ಬಂತು. “ಏಳು ವರ್ಷಾನಾ!” ಎಂದು ಸಾಹೇಬರು ಕೆಂಡವಾದರು.

ಸೂಜಿಯಮ್ಮ ನಡುವೆ ಬಂದಳು. “ಸಾರ್, ಇವರು ಹೇಳದಿದ್ರೆ ನೀವು ಇಡೀ ಪೇಟೆ ಅಗೀಬೇಕಿತ್ತು. ಅಷ್ಟರಲ್ಲಿ ನನ್ನ ಹಾಳೇಲಿ ಚುಕ್ಕೆ ಇಡೋಕೆ ಜಾಗ ಇರ್ತಿರಲಿಲ್ಲ.”

ಸಾಹೇಬರು ತಪ್ಪೊಪ್ಪಿಗೆ ಬರೆಸಿಕೊಂಡರು, ಕೆಲಸ ತೆಗೆಯಲಿಲ್ಲ. ಹೊಸ ಪೈಪು ಬಿತ್ತು. ವಾರಗಳು ಕಳೆದಂತೆ ಹೊಸ ಚುಕ್ಕೆಗಳು ಕಡಿಮೆಯಾಗಿ ನಿಂತೇಹೋದವು.

ತಾತ ಹಾಲಿನಕ್ಕನ ಮನೆಗೆ ಹೋದ. “ತಂಗಿ, ತಪ್ಪು ನಂದು, ಬೈಗುಳ ನೀನು ತಿಂದೆ.”

“ತಿಂದೆನಾ? ಹೊಟ್ಟೆ ಬಿರಿಯೋಷ್ಟು ತಿಂದೆ! ನನ್ನ ಹಾಲನ್ನ ಬೆಕ್ಕೂ ಮೂಸಿ ನೋಡಲಿಲ್ಲ ಅಣ್ಣ.” ಕಣ್ಣೊರೆಸಿಕೊಂಡಳು, ಸೈಕಲ್ಲಿನ ಸ್ಟ್ಯಾಂಡು ಒದ್ದಳು. “ಇಲ್ಲಿ ಹೇಳಿ ಏನುಪಯೋಗ? ಬಾ ನನ್ನ ಜೊತೆ. ಮನೆಮನೆಗೂ ಹೇಳು.”

ಹಾಗೆ ಅವಳು ಸೈಕಲ್ ತಳ್ಳುತ್ತ, ಅವನು ಪಕ್ಕದಲ್ಲಿ ನಡೆಯುತ್ತ, ಮೂರನೇ ವಾಲ್ವಿನ ಒಂದೊಂದು ಬಾಗಿಲನ್ನೂ ತಟ್ಟಿದರು. ಕೆಲವರು ಬೈದರು. ಕೆಲವರು ಹಾಲಿಗೆ ಪಾತ್ರೆ ಹಿಡಿದರು. ಕೊನೆಗೆ ದರ್ಜಿಯ ಮನೆ. ತಾತ ಹೊಸ್ತಿಲಾಚೆಯೇ ನಿಂತು ಎಲ್ಲ ಹೇಳಿದ. ಮಗುವಿನ ತಾಯಿ ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆಂದು ಅವನು ತಿರುಗುವಷ್ಟರಲ್ಲಿ ಲೋಟ ಹಿಡಿದು ಬಂದಳು.

“ಬಿಸಿಲಲ್ಲಿ ತಿರುಗ್ತಿದ್ದೀರಿ, ಕುಡೀರಿ. ಕುದಿಸಿದ ನೀರು. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ ತಾತ.”

“ನಂಬಬೇಡ ತಾಯಿ, ಕುದಿಸು,” ಎಂದ.

ತುಟಿ ಸುಡುತ್ತಿದ್ದರೂ ಒಂದು ಹನಿ ಉಳಿಸದೆ ಕುಡಿದ. ಕೂದಲುದುರಿ ಬಡಕಲಾದ ಹುಡುಗಿ ತಾಯಿಯ ಸೆರಗಿನ ಮರೆಯಿಂದ ಇಣುಕಿದಳು.

“ಚಾವಿ ತಾತ, ನಾಳೆ ನೀರಿನ ಸರದಿ ನಮ್ದಾ?”

“ನಿಮ್ಮದೇ ಪುಟ್ಟಿ. ಮೊದಲು ನಾನು ಕಿವಿಯಿಟ್ಟು ಕೇಳಿ, ಆಮೇಲೆ ಬಿಡ್ತೀನಿ.”

ನಿವೃತ್ತಿಯವರೆಗೂ ತಾತ ಹಾಗೆಯೇ ಮಾಡಿದ. ತಾನು ಕಟ್ಟಿದ ಕಟ್ಟುಗಳನ್ನೆಲ್ಲ ನೆನೆನೆನೆದು ಅಗೆಸಿ ತೆಗೆಸಿದ. ಹನ್ನೊಂದಿದ್ದವು.