ಬಿಳಿ ಹಲ್ಲು ಬೇಕೇನವ್ವಾ?

ಅವರ ಎರಡು ಮುಂಬಲ್ಲುಗಳ ನಡುವೆ ಒಂದು ಜೋಳದ ಕಾಳು ಆರಾಮಾಗಿ ಕೂರುವಷ್ಟು ಸಂದಿತ್ತು. ಮಾತಾಡುವಾಗ ಅಲ್ಲಿಂದ ಆಗಾಗ ಸಣ್ಣದೊಂದು ಶಿಳ್ಳೆ ಹೊರಡುತ್ತಿತ್ತು. ಊರವರ ಹಲ್ಲೆಲ್ಲ ಸರಿಮಾಡುವ ಮನುಷ್ಯ ತನ್ನ ಬಾಯಿಯನ್ನೇ ಹೀಗೆ ಬಿಟ್ಟುಕೊಂಡಿದ್ದಾನಲ್ಲ ಎಂದು ಹೊಸಬರಿಗೆ ಮೊದಲು ಅನುಮಾನ. ಕೇಳಿದವರಿಗೆಲ್ಲ ಅವರ ಉತ್ತರ ಒಂದೇ: "ಇದು ನಮ್ಮವ್ವನ ಬಾಯಿಂದ ಬಂದಿದ್ದು ಕಣ್ರೀ. ಮುಚ್ಚಿಸ್ಬಿಟ್ರೆ ಕನ್ನಡೀಲಿ ಅವ್ಳು ಸಿಕ್ಕಲ್ಲ."

ನಾವೆಲ್ಲ ಅವರನ್ನು ಹಲ್ಲುಮಾವ ಎನ್ನುತ್ತಿದ್ದೆವು. ರಕ್ತಸಂಬಂಧವೇನೂ ಇರಲಿಲ್ಲ. ದೇವನೂರು ಕಡೆಯ ಬೇಸಾಯದ ಮನೆಯ ಮಗ. ಮೀಸೆ ಮೂಡುವ ಮೊದಲೇ ಮದರಾಸಿಗೆ ಓಡಿಹೋಗಿ, ಅಲ್ಲಿ ಯಾರೋ ಹಲ್ಲಿನ ಡಾಕ್ಟರ ಕೈಕೆಳಗೆ ಹತ್ತು ಹನ್ನೆರಡು ವರ್ಷ ದುಡಿದು, ಕೆಲಸ ಕಲಿತು ಕಡೂರಿಗೆ ವಾಪಸು ಬಂದವರು. ಅಕ್ಕಸಾಲಿಯ ಅಂಗಡಿಗೆ ಅಂಟಿಕೊಂಡ ಒಂದು ಕೋಣೆ ಹಿಡಿದಿದ್ದರು. ವಾರದಲ್ಲಿ ಒಂದು ದಿನ ಟ್ರಂಕು ಹಿಡಿದು ರೈಲಿನಲ್ಲಿ ಅಜ್ಜಂಪುರಕ್ಕೆ, ಇನ್ನೊಂದು ದಿನ ಬೀರೂರಿನಲ್ಲಿ ಗಾಡಿ ಬದಲಿಸಿ ತರೀಕೆರೆಗೆ ಹೋಗಿಬರುತ್ತಿದ್ದರು. ಅದು ಮಹಾರಾಜರ ಕಾಲ. ಹಲ್ಲು ನೋವೆಂದರೆ ಲವಂಗ, ಅದಕ್ಕೂ ಬಗ್ಗದಿದ್ದರೆ ಇಕ್ಕಳ, ಅಷ್ಟೇ ನಮಗೆ ಗೊತ್ತಿದ್ದ ವೈದ್ಯ. ಹಲ್ಲು ನೋಡುವುದಕ್ಕೂ ಚೆನ್ನಾಗಿರಬೇಕು ಎಂದು ಯಾರಾದರೂ ಆಸೆಪಟ್ಟರೆ ಜನ ಮುಸಿಮುಸಿ ನಗುತ್ತಿದ್ದರು.

ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರು ಬಾಯಿ ನೋಡುತ್ತಿದ್ದರು. ಹಲ್ಲಿನ ಮೇಲಿನ ಕಲೆ ನೋಡಿಯೇ ಯಾವ ಊರಿನ ಬಾವಿ ನೀರು ಕುಡಿದವರೆಂದು ಹೇಳಿಬಿಡುತ್ತಿದ್ದರು. ಅಮೃತಾಪುರದ ಗುಡಿಗೆ ಹೋದಾಗಲೂ ಅಷ್ಟೆ. ಜೊತೆಯವರು ದೇವರಿಗೆ ಕೈಮುಗಿಯುತ್ತಿದ್ದರೆ ಇವರು ಗೋಡೆಯ ಮೇಲಿನ ಕಲ್ಲಿನ ಹೆಂಗಸರ ತುಟಿಗಳನ್ನೇ ನೋಡುತ್ತ ನಿಂತಿದ್ದರಂತೆ. "ಒಂದು ಹಲ್ಲೂ ತೋರ್ಸಿಲ್ಲ, ಆದ್ರೂ ಹೆಂಗೆ ನಗ್ತಾವೆ ನೋಡ್ರಿ" ಎಂದು ಹೊಟ್ಟೆಕಿಚ್ಚು ಬೇರೆ. ಒಮ್ಮೆ ಒಬ್ಬ ಅಮಲ್ದಾರರು ಬಂದು, ಗಟ್ಟಿಮುಟ್ಟಾಗಿದ್ದ ಹಲ್ಲಿಗೆ ಚಿನ್ನದ ತಗಡು ಹೊದಿಸಿಕೊಡು ಎಂದು ಕೂತರಂತೆ. ಆಗ ಅದು ದೊಡ್ಡವರ ಶೋಕಿ. ಮಾವ ಕೈಮುಗಿದು, "ಸ್ವಾಮೀ, ಈ ಹಲ್ಲು ಇನ್ನೂ ಸರ್ವೀಸಿನಲ್ಲಿದೆ. ಪಿಂಚಣಿಗೆ ಬರ್ಲಿ, ಆಮೇಲೆ ಚಿನ್ನ ಹೊದಿಸಿ ಮರ್ಯಾದೆ ಮಾಡಾಣ" ಅಂದರಂತೆ. ಅಮಲ್ದಾರರು ಸಿಟ್ಟು ಮಾಡಿಕೊಳ್ಳುವುದನ್ನೇ ಮರೆತು ನಕ್ಕುಬಿಟ್ಟರು ಎಂದು ಕಡೂರಿನಲ್ಲೆಲ್ಲ ಮಾತಾಗಿತ್ತು.

ನಾನು ಅವರ ಕೋಣೆಯ ಮೆಟ್ಟಿಲು ಹತ್ತಿದ್ದು ನನ್ನ ಸೊಕ್ಕಿನಿಂದ. ಸಿಂಗಟಗೆರೆಯ ಹತ್ತಿರ ನಮ್ಮದು ಹೊಲ, ತೆಂಗಿನ ತೋಟದ ಮನೆ. ಹದಿಮೂರರ ವಯಸ್ಸಿನಲ್ಲಿ ಅಣ್ಣನ ಜೊತೆ ಪಂಥ ಕಟ್ಟಿ, ಒಂದು ತೆಂಗಿನಕಾಯಿಯ ಸಿಪ್ಪೆಯನ್ನು ಹಲ್ಲಿನಲ್ಲೇ ಕಚ್ಚಿ ಕಚ್ಚಿ ಸುಲಿದೆ. ಕಾಯಿ ಬೋಳಾಯಿತು, ನನ್ನ ಮೇಲಿನ ಮುಂಬಲ್ಲೊಂದು ಅರ್ಧಕ್ಕೆ ಮುರಿದು ಬಿತ್ತು. ಪಂಥ ಗೆದ್ದವಳು ಅವತ್ತಿನಿಂದ ಬಾಯಿ ಮುಚ್ಚಿದೆ. ಮಾತಿಗೆ ಸೆರಗು ಅಡ್ಡ, ನಗುವಿಗೆ ಕೈ ಅಡ್ಡ. ಹದಿನಾರಾಯಿತು. ನೋಡಲು ಬಂದ ಒಂದು ಗಂಡಿನ ಕಡೆಯವರು ಹೆಸರು ಕೇಳಿದರು. ನಾನು ತುಟಿ ಬಿಚ್ಚಲಿಲ್ಲ. ಹಾಡು ಅಂದರು, ತಲೆ ಅಲ್ಲಾಡಿಸಿದೆ. ಹುಡುಗಿ ಮೂಗಿ ಎಂದು ಹೇಳಿಕಳಿಸಿದರು. ಎರಡನೆಯವರು ಗರ್ವಿಷ್ಠೆ ಅಂದರು. ಮದುವೆಗಿಂತ ಹೆಚ್ಚಾಗಿ ನನಗೆ ಬೇಕಾಗಿದ್ದು ಮೊದಲಿನ ಹಾಗೆ ಬಾಯಿ ತುಂಬ ಮಾತಾಡುವುದು. ಅದನ್ನು ಕಂಡುಕೊಂಡಿದ್ದು ಅಜ್ಜಿ ಒಬ್ಬಳೇ. ಒಂದು ದಿನ ಗಾಡಿ ಕಟ್ಟಿಸಿ ನನ್ನನ್ನು ಕಡೂರಿಗೆ ಕರೆತಂದಳು.

ಮಾವ ಮುರಿದ ಮೋಟನ್ನು ನೋಡಿ, ಬೇರು ಸತ್ತಿದೆ, ತೆಗೆಯಲೇಬೇಕು ಎಂದು ತೆಗೆದರು. ನೋವಾಯಿತು, ಸುಳ್ಳೇಕೆ ಹೇಳಲಿ. ಒಸಡು ಮಾಗಿದ ಮೇಲೆ ಮತ್ತೆ ಹೋದೆವು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿದ ಜೇನುಮೇಣವನ್ನು ಬಾಯಿಗಿಟ್ಟು ಅಚ್ಚು ತೆಗೆದರು. ಆಮೇಲೆ ಒಂದು ತಗಡಿನ ಡಬ್ಬಿ ತೆರೆದರು. ಅದರ ತುಂಬ ಪಿಂಗಾಣಿಯ ಹಲ್ಲುಗಳು, ಬಿಳಿ, ಹಳದಿ, ಬೂದಿ ಬಣ್ಣದವು. ನಾನು ಎಲ್ಲಕ್ಕಿಂತ ಬೆಳ್ಳಗಿದ್ದ ಒಂದನ್ನು ತೋರಿಸಿದೆ. ನಮ್ಮ ಮನೆಯಲ್ಲಿ ಸೋಪಿನ ಪೆಟ್ಟಿಗೆಯ ಮೇಲೊಬ್ಬಳು ದೊರೆಸಾನಿ ಇದ್ದಳು. ಅವಳ ಹಲ್ಲಿನ ಹಾಗಿತ್ತು ಅದು.

ಮಾವ ಅದನ್ನು ನನ್ನ ಬಾಯಿಗೆ ಹಿಡಿದು ಕನ್ನಡಿ ಕೊಟ್ಟರು. "ಏನು ಕಾಣ್ತದೆ ಹೇಳು ಮಗಾ."

"ಹಲ್ಲು" ಎಂದೆ.

"ಅದೇ ಆಗ್ಬಾರ್ದು ಕಣವ್ವ. ನೋಡಿದೋರು ಹಲ್ಲನ್ನೇ ನೋಡ್ತಾರೆ, ನಿನ್ನ ನೋಡಲ್ಲ. ನಿಮ್ಮೂರ ನೀರು ಎಲ್ರ ಹಲ್ಲಿನ ಮ್ಯಾಲೂ ಒಂದು ಕಂದು ಗೆರೆ ಎಳ್ದದೆ. ಈ ಹೊಸಬನಿಗೂ ಎಳೀಬೇಕು. ಇಲ್ದಿದ್ರೆ ಇವನು ನೆಂಟ್ರ ಮನೆಗೆ ಬಂದೋನ ಹಂಗೆ ಕೂತಿರ್ತಾನೆ."

ನನಗೆ ಅಳು ಬಂತು. ಮೂರು ವರ್ಷ ಕಾದಿದ್ದು ಕಲೆಯ ಹಲ್ಲಿಗಾಗಿಯೇ? ಅಜ್ಜಿ ಕೂಡ ನನ್ನ ಪರ ನಿಂತಳು. "ಅಲ್ಲ ಕಣಪ್ಪಾ, ಕಟ್ಟೋದು ಕಟ್ತೀಯ, ಒಂದು ಚೆಂದಗಿರೋದೇ ಕಟ್ಟಬಾರ್ದಾ?"

ಮಾವ ಒಂದಿಷ್ಟು ಯೋಚಿಸಿ ಆ ಬಿಳಿ ಹಲ್ಲನ್ನು ಪಕ್ಕಕ್ಕೆ ಇಟ್ಟರು. "ಇದು ನಿಂದೇ. ಎತ್ತಿಟ್ಟಿರ್ತೀನಿ. ಈಗ ನಾನು ಕೊಟ್ಟಿದ್ದು ಇಟ್ಕೊಂಡು ಒಂದು ವರ್ಷ ನಕ್ಕು ನೋಡು. ಆಗ್ಲೂ ಬಿಳೀದೇ ಬೇಕು ಅನ್ಸಿದ್ರೆ ಬಾ, ಬದ್ಲಾಯ್ಸಿ ಕೊಡ್ತೀನಿ." ಮಕ್ಕಳನ್ನು ಸಮಾಧಾನ ಮಾಡುವ ಮಾತು ಎಂದುಕೊಂಡೆ.

ಮೂರನೆಯ ಸಲ ಹೋದಾಗ ನನ್ನ ಹಲ್ಲು ಸಿದ್ಧವಾಗಿತ್ತು. ಕೂದಲಿನಷ್ಟು ತೆಳುವಾದ ಕುಂಚದಲ್ಲಿ ಗೆರೆ ಬರೆದು, ಪಕ್ಕದ ಅಕ್ಕಸಾಲಿಯ ಕುಲುಮೆಯಲ್ಲಿ ಸುಟ್ಟಿದ್ದರು. ಸದ್ಯಕ್ಕೆ ಮೇಣದ ಮೇಲೆ ನಿಲ್ಲಿಸಿ ನನ್ನ ಬಾಯಿಗೆ ಕೂರಿಸಿದರು. ಇನ್ನು ಉದ್ದ ಗೊತ್ತುಮಾಡುವುದೊಂದು ಬಾಕಿ. ಅದಕ್ಕೆ ನಾನು ನಗಬೇಕು. ಸುಮ್ಮನೆ ಹಲ್ಲು ಕಿರಿದರೆ ಆಗದು. ನಿಜವಾಗಿ ನಕ್ಕಾಗ ತುಟಿ ಎಷ್ಟು ಮೇಲೇಳುತ್ತದೋ ಅದಕ್ಕೆ ಸರಿಯಾಗಿ ಹಲ್ಲು ನಿಲ್ಲಿಸುವುದು ಅವರ ಪದ್ಧತಿ. ನಗದವರಿಗೆ ಅವರು ಹಲ್ಲು ಕಟ್ಟಿಕೊಟ್ಟಿದ್ದೇ ಇಲ್ಲ. ಕಥೆ ಹೇಳಿದರು, ಅಮಲ್ದಾರರ ಹಾಗೆ ನಡೆದು ತೋರಿಸಿದರು. ಮೂರು ವರ್ಷ ಹೊಲಿದುಕೊಂಡಿದ್ದ ತುಟಿ, ಬಿಚ್ಚಲೇ ಇಲ್ಲ.

ಅಷ್ಟರಲ್ಲಿ ನಮ್ಮ ಅಜ್ಜಿ, ಬಾಯಲ್ಲಿ ಒಂದೂ ಹಲ್ಲಿಲ್ಲದವಳು, ಮೇಜಿನ ಮೇಲೆ ತೋರಿಸಲೆಂದು ಇಟ್ಟಿದ್ದ ಪೂರಾ ಸೆಟ್ಟೊಂದನ್ನು ಮೆಲ್ಲಗೆ ಎತ್ತಿ ಬಾಯಿಗೆ ಹಾಕಿಕೊಂಡಿದ್ದಳು. ಅದೂ ತಲೆಕೆಳಗು. ಕನ್ನಡಿಯಲ್ಲಿ ನೋಡಿಕೊಂಡವಳು ಬೆಚ್ಚಿಬಿದ್ದು, "ಯಾರವ್ವಾ ನೀನು?" ಎಂದು ಕೇಳಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವ ಒಂದೇ ನೆಗೆತಕ್ಕೆ ಬಂದು ಮೇಣದ ಮೇಲೆ ಗುರುತು ಗೀಚಿಕೊಂಡರು. "ಸಿಕ್ತು! ಸಿಕ್ತು! ಇನ್ನು ನೀನು ಅಳ್ತಾ ಕೂತ್ರೂ ಚಿಂತೆಯಿಲ್ಲ" ಎಂದು ಅವರ ಶಿಳ್ಳೆ ಬೇರೆ.

ಆ ಗುರುತಿಗೆ ಸರಿಯಾಗಿ, ತೆಗೆದು ಹಾಕಲು ಬರುವ ಹಾಗೆ ಹಲ್ಲು ಕಟ್ಟಿಕೊಟ್ಟ ದಿನ, ಹೊರಡುವಾಗ ಅಜ್ಜಿ, ಮೊಮ್ಮಗಳದು ಕಟ್ಟಿಸಿದ ಹಲ್ಲೆಂದು ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಲು ಹೊರಟಳು. ಮಾವ ಅಂದರು: "ನನ್ನ ಬಾಯಿಂದ ಬರಲ್ಲ ಅವ್ವಾರೆ. ಆದ್ರೆ ಹಲ್ಲು ಅವಳ್ದು. ಹೇಳೋದು ಬಿಡೋದೂ ಅವಳ್ದೇ." ಆಮೇಲೆ ನನ್ನ ಕಡೆ ತಿರುಗಿ, "ಬಚ್ಚಿಡಕ್ಕೇಂತ ಕಟ್ಟಿಲ್ಲ ಮಗಾ, ಬಾಯಿ ಬಿಡ್ಲಿ ಅಂತ ಕಟ್ಟಿದ್ದು" ಅಂದರು.

ಅಜ್ಜಿಯೂ ತನಗೊಂದು ಸೆಟ್ಟು ಮಾಡಿಸಿಕೊಂಡಳು. ಆದರೆ ಅವಳಿಗೊಂದು ಕಷ್ಟ. ಒಮ್ಮೆ ಬಾಯಿಗೆ ಹೋದದ್ದು ಎಂಜಲು. ಎಂಜಲನ್ನು ಬಾಯಲ್ಲಿಟ್ಟುಕೊಂಡು ಅನ್ನ ತಿನ್ನುವುದು ಹೇಗೆ? ಅದಕ್ಕೆ ಊಟದ ಹೊತ್ತಿಗೆ ತೆಗೆದಿಡುವಳು, ನೆಂಟರು ಬಂದಾಗ ಹಾಕಿಕೊಳ್ಳುವಳು. ಅಗಿಯುವುದು ಒಸಡಿನಲ್ಲಿ, ನಗುವುದು ಹಲ್ಲಿನಲ್ಲಿ. ತೆಗೆದದ್ದನ್ನು ಇಡುತ್ತಿದ್ದುದು ಎಲೆ ಅಡಿಕೆಯ ಸಂಚಿಯಲ್ಲಿ. ಕೇಳಿದರೆ, "ಎಲೆ ಅಡಿಕೆ ಹೆಂಗೂ ಎಂಜಲಾಗೋದೇ ಅಲ್ವೇನೇ?" ಇದನ್ನು ಕೇಳಿದ ದಿನ ಹಲ್ಲುಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಯಾವ ಮುದುಕಿಗೆ ಸೆಟ್ಟು ಕೊಟ್ಟರೂ, ತೆಗೆದಿಡಲು ಒಂದು ಬೇರೆ ಚೀಲವನ್ನೂ ಹೊಲಿಸಿಕೊಡುತ್ತಿದ್ದರು.

ಅದೇ ಬೇಸಿಗೆಯಲ್ಲಿ ಅಜ್ಜಂಪುರದಿಂದ ಗಂಡಿನವರು ಬಂದರು. ನಾನು ಹೆಸರು ಹೇಳಿದೆ, ಒಂದು ಹಾಡು ಹೇಳಿದೆ. ತಿಂಡಿಯಾಯಿತು. ಅಜ್ಜಿ ಒಳಗೆ ಹೋಗಿ ತಿಂದು ಬಂದು, ಗಂಡಿನ ತಂದೆಯ ಮುಂದೆ ತಟ್ಟೆ ಇಟ್ಟು ಸಂಚಿ ಬಗ್ಗಿಸಿದಳು. ಎಲೆ ಬಿತ್ತು, ಅಡಿಕೆ ಬಿತ್ತು, ಅದರ ಹಿಂದೆಯೇ ಹಲ್ಲಿನ ಸೆಟ್ಟೂ ಬಿತ್ತು. ಆ ಕಾಲದ ಸೆಟ್ಟಿನ ಒಸಡು ಕೆಂಪು ರಬ್ಬರಿನದು. ಬೇಯಿಸಿದ ಅಡಿಕೆಯದೇ ಬಣ್ಣ. ದೃಷ್ಟಿ ಮಂದವಾಗಿದ್ದ ಆ ಹಿರಿಯರು, "ಪರ್ವಾಗಿಲ್ಲ, ದಪ್ಪ ಅಡಿಕೆ" ಎಂದು ಅದನ್ನೇ ಕೈಗೆತ್ತಿಕೊಂಡರು.

ನಾನು ತಡೆಯಲಾರದೆ ನಕ್ಕೆ. ಮನೆಯೆಲ್ಲ ನಕ್ಕಿತು. ನಗದೆ ಇದ್ದವಳು ಗಂಡಿನ ಸೋದರತ್ತೆ ಒಬ್ಬಳೇ. ನಗು ಇಳಿಯುವವರೆಗೂ ಕಾದು, "ಅಜ್ಜೀದು ಕಟ್ಟಿಸಿದ ಹಲ್ಲು, ಸರಿ. ಹುಡುಗೀದು?" ಎಂದು ಕೇಳಿದಳು.

ಅಜ್ಜಿ ತಡವರಿಸುತ್ತ, "ನನ್ನ ಮೊಮ್ಮಗಳದಾ? ಮುತ್ತು ಕಣ್ರವ್ವಾ, ಹುಟ್ಟಿದಾಗ್ಲಿಂದ..." ಎಂದು ಶುರುಮಾಡಿದಳು. ಅಪ್ಪ ನೆಲ ನೋಡುತ್ತಿದ್ದರು. ಸುಮ್ಮನಿದ್ದರೆ ಆಗಿಹೋಗುತ್ತಿತ್ತು, ಅಷ್ಟು ಹೊಂದಿಕೊಂಡಿತ್ತು ಆ ಗೆರೆಯ ಹಲ್ಲು. ಆದರೆ ಸುಮ್ಮನಿದ್ದರೆ ಆ ಮನೆಯಲ್ಲೂ ನಾನು ಬದುಕೆಲ್ಲ ಬಾಯಿ ಮುಚ್ಚಿಕೊಂಡೇ ಇರಬೇಕು. ಬಾಯಿಗೆ ಬೆರಳಿಟ್ಟು ಹಲ್ಲು ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ. "ನಂದು ಒಂದು. ತೆಂಗಿನಕಾಯಿ ಕಚ್ಚಿ ಸುಲಿಯಕ್ಕೆ ಹೋಗಿ ಮುರ್ಕೊಂಡೆ."

ಗಂಡಿನ ತಂದೆ ಅಜ್ಜಿಯ ಸೆಟ್ಟನ್ನು ಮರ್ಯಾದೆಯಿಂದ ತಟ್ಟೆಗೆ ವಾಪಸಿಟ್ಟು ನನ್ನನ್ನೇ ನೋಡಿದರು. "ಸುಲಿದು ಮುಗಿಸಿದ್ಯೋ, ಅರ್ಧಕ್ಕೆ ಬಿಟ್ಯೋ?"

"ಮುಗಿಸಿದೆ."

ಅವರು ಮಗನ ಕಡೆ ತಿರುಗಿದರು. "ಲೇ, ನಿನ್ ಕೈಲಾಗುತ್ತೇನೋ?" ಮಗ ಇಲ್ಲವೆಂದು ತಲೆಯಾಡಿಸಿದರು. ಆ ತಲೆಯಾಡಿಸಿದವರ ಜೊತೆ ನಲವತ್ತು ವರ್ಷ ಸಂಸಾರ ಮಾಡಿದೆ.

ಅಜ್ಜಂಪುರಕ್ಕೆ ಬಂದ ಮೇಲೆ ಹಲ್ಲುಮಾವ ವಾರವಾರವೂ ಸಿಗುವಂತಾದರು. ರೈಲಿಳಿದು ನಮ್ಮ ಬೀದಿಯಲ್ಲಿ ಹಾದುಹೋಗುವಾಗ ಟ್ರಂಕು ಕೆಳಗಿಟ್ಟು, ಎಲ್ಲರಿಗೂ ಕೇಳುವ ಹಾಗೆ ಕೂಗುವರು: "ಬಿಳಿ ಹಲ್ಲು ಬೇಕೇನವ್ವಾ?" ನಾನು ಒಳಗಿಂದಲೇ "ಬ್ಯಾಡ ಮಾವ!" ಎಂದು ಕೂಗುವೆ. ಅಷ್ಟಾದರೆ ಅವರು ಮಜ್ಜಿಗೆ ಕುಡಿದು ಮುಂದೆ ಹೋಗುವರು. ಒಂದು ವರ್ಷದ ಗಡುವು ಮುಗಿದು ಹದಿನೈದು ವರ್ಷವಾದರೂ ಈ ಕೂಗು ನಿಲ್ಲಲಿಲ್ಲ. ನನ್ನ ಮಕ್ಕಳು ಅದನ್ನು ತರಕಾರಿ ಮಾರುವವರ ಕೂಗಿನ ಹಾಗೆ ಅನುಕರಣೆ ಮಾಡುತ್ತಿದ್ದವು.

ಒಂದು ವಾರ ಅವರು ಬರಲಿಲ್ಲ. ಮರುವಾರ ಸುದ್ದಿ ಬಂತು. ಸಂಜೆ ಕೈತೊಳೆದು ಉಪಕರಣ ಒರೆಸಿಟ್ಟವರು ಕುರ್ಚಿಯಲ್ಲಿ ಕೂತ ಹಾಗೆಯೇ ಹೋಗಿದ್ದರು. ನಾನು ರೈಲು ಹಿಡಿದು ಕಡೂರಿಗೆ ಹೋದೆ. ಮನೆ ತುಂಬ ಜನ, ಎಲ್ಲರ ಬಾಯಲ್ಲೂ ಅವರ ಕೈಗೆಲಸ. ಮಾವನ ಹೆಂಡತಿ, ನಮಗೆಲ್ಲ ಅತ್ತೆ, ನನ್ನನ್ನು ಕಂಡವರೇ ಒಳಗೆ ಹೋಗಿ ಆ ತಗಡಿನ ಡಬ್ಬಿ ತಂದರು. ತಳದಲ್ಲಿ ಒಂದು ಕಾಗದದ ಪೊಟ್ಟಣ. ಮೇಲೆ ಮಾವನ ದುಂಡು ಅಕ್ಷರ: "ಸಿಂಗಟಗೆರೆ ತೆಂಗಿನಕಾಯಿ ಹುಡುಗಿ. ಕೇಳಿದರೆ ಕೊಡುವುದು."

ಬಿಚ್ಚಿದೆ. ಅದೇ ಬಿಳಿ ಹಲ್ಲು.

"ಯುದ್ಧದ ಕಾಲದಾಗೆ ಎಲ್ಲೂ ಹಲ್ಲು ಸಿಕ್ತಿರ್ಲಿಲ್ಲ ಕಣವ್ವ" ಎಂದರು ಅತ್ತೆ. "ಇದ್ನಾದ್ರೂ ಯಾರಿಗಾದ್ರೂ ಕಟ್ರೀ ಅಂದೆ. ಅದು ಅವ್ಳದು, ನಾಳೆ ಬಂದು ಕೇಳಿದ್ರೆ ಏನಂತ ಹೇಳ್ಲಿ ಅಂದ್ರು."

ನಾನು ಅದನ್ನು ಹಾಗೆಯೇ ಮಡಿಸಿ ಅತ್ತೆಯ ಕೈಗಿಟ್ಟೆ. "ಬ್ಯಾಡ ಮಾವ" ಎಂದೆ. ವಾರವಾರ ಕೂಗುತ್ತಿದ್ದ ಮಾತು, ಅದೇ ದನಿಯಲ್ಲಿ ಬಂದುಬಿಟ್ಟಿತು. ಆಮೇಲೆ ಅಷ್ಟು ಜನರ ನಡುವೆ ಗಟ್ಟಿಯಾಗಿ ಅತ್ತುಬಿಟ್ಟೆ. ಬಾಯಿಗೆ ಸೆರಗು ಅಡ್ಡ ತರಬೇಕೆಂದು ನನಗೆ ಹೊಳೆಯಲೇ ಇಲ್ಲ.