ತಂಪಕ್ಕನ ಅನುಮಾನ

ಹೆಲಿಕಾಪ್ಟರ್ ನಿಲ್ಲಿಸುವ ಹ್ಯಾಂಗರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಹೆಲಿಕಾಪ್ಟರುಗಳೊಳಗೆ ತಂಪು ಗಾಳಿ ಬರುವಂತೆ ನೋಡಿಕೊಳ್ಳುವುದು ಅವಳ ಕೆಲಸ, ಹಾಗಾಗಿ ಎಲ್ಲರ ಬಾಯಲ್ಲೂ ಅವಳು ತಂಪಕ್ಕ. ಸ್ವಭಾವ ಮಾತ್ರ ಅಷ್ಟೇನೂ ತಂಪಲ್ಲ. ಬೀಗ ಹಾಕಿ ಹತ್ತು ಹೆಜ್ಜೆ ಹೋದವಳು ಹಿಂದಿರುಗಿ ಬಂದು ಎಳೆದು ನೋಡುತ್ತಿದ್ದಳು. ತಾನೇ ಬಿಗಿ ಮಾಡಿದ ನಟ್ಟನ್ನು ಅರ್ಧ ಗಂಟೆ ಬಿಟ್ಟು ಮತ್ತೆ ಮುಟ್ಟಿ ನೋಡುತ್ತಿದ್ದಳು. "ನಿನ್ನ ನೆರಳು ಹಿಂದೆ ಬಂದ್ರೂ ಯಾರದು ಅಂತ ಕೇಳ್ತೀಯಲ್ಲ" ಎಂದು ಗಂಡ ಛೇಡಿಸುತ್ತಿದ್ದ. ಶಾಲೆಯ ಬಸ್ಸು ಓಡಿಸುವ ಆ ಮನುಷ್ಯನಿಗೆ ಲೋಕದಲ್ಲಿ ಯಾರ ಮೇಲೂ ಅನುಮಾನವಿಲ್ಲ. ಅವನ ಪಾಲಿನದನ್ನೂ ಸೇರಿಸಿ ಇವಳೇ ಹೊತ್ತುಕೊಂಡಿದ್ದಳು.

ಅದು ಅಪ್ಪನ ಅಂಗಡಿಯಲ್ಲಿ ಹತ್ತಿದ ಗೀಳು. ಅಪ್ಪ ಫ್ರಿಜ್ ರಿಪೇರಿ ಮಾಡುತ್ತಿದ್ದ. ಬೆನ್ನು ಬಿಚ್ಚಿ ನಿಲ್ಲಿಸಿದ ಫ್ರಿಜ್‌ಗಳ ನಡುವೆಯೇ ಅವಳು ಓದಿದ್ದು, ಬರೆದದ್ದು. "ಗ್ಯಾಸ್ ಅಂದ್ರೆ ಪೆಟ್ರೋಲ್ ಅಲ್ಲ ಮಗಳೇ, ಉರಿದು ಖಾಲಿ ಆಗೋಕೆ. ಒಳಗೇ ಸುತ್ತುತ್ತಾ ಇರಬೇಕು. ಕಡಿಮೆ ಆಗಿದೆ ಅಂದ್ರೆ ಎಲ್ಲಿಂದಲೋ ಹೋಗಿದೆ. ಎಲ್ಲಿಂದ ಅಂತ ಹುಡುಕದೆ ಸುಮ್ನೆ ತುಂಬಿಸಿ ಕಳಿಸೋನು ಮೆಕ್ಯಾನಿಕ್ ಅಲ್ಲ" ಎನ್ನುತ್ತಿದ್ದ. ಮುಂದೆ ಅವಳು ತರಬೇತಿ ಮುಗಿಸಿ ಹ್ಯಾಂಗರಿನ ಬಾಗಿಲಿಗೆ ಬಂದಾಗ, ಹೆಂಗಸು ಏಣಿ ಹತ್ತಿ ಇಳಿದು ಮಾಡುವ ಕೆಲಸವಲ್ಲ ಇದು ಎಂದು ಮೂಗು ಮುರಿದವರೇ ಹೆಚ್ಚು. "ಕೈ ನೋಡಿ, ಸೀರೆ ಯಾಕೆ ನೋಡ್ತೀರಿ" ಎಂದು ಅವಳ ಪರ ನಿಂತವರು ಒಬ್ಬರೇ. ಎಂಜಿನ್ ವಿಭಾಗದ ಹಿರಿಯ ಮೆಕ್ಯಾನಿಕ್ ಅವರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಇಪ್ಪತ್ತು ವರ್ಷದಿಂದ ತಂಪಕ್ಕನಿಗೂ ಅವರು ಮೇಷ್ಟ್ರೇ.

ಹೆಲಿಕಾಪ್ಟರಿನ ತಂಪು ಯಂತ್ರವೆಂದರೆ ಮನೆಯ ಫ್ರಿಜ್ಜಿನ ದಾಯಾದಿಯೇ. ಕಂಪ್ರೆಸರ್ ಗ್ಯಾಸನ್ನು ಅದುಮಿ ಬಿಸಿ ಮಾಡುತ್ತದೆ. ಕಂಡೆನ್ಸರಿನ ತೆಳು ತಗಡುಗಳ ನಡುವೆ ಹೊರಗಿನ ಗಾಳಿ ಹಾಯ್ದು ಆ ಬಿಸಿಯನ್ನು ಹೊತ್ತೊಯ್ಯುತ್ತದೆ, ಗ್ಯಾಸು ದ್ರವವಾಗುತ್ತದೆ. ಒಂದು ಸಣ್ಣ ಕಿಂಡಿಯಿಂದ ನುಸುಳಿ ಮತ್ತೆ ಹಿಗ್ಗುವಾಗ ಅದು ಮೈ ಕೊರೆಯುವಷ್ಟು ತಣ್ಣಗಾಗುತ್ತದೆ, ಫ್ಯಾನು ಅದರ ಮೇಲಿಂದ ಗಾಳಿಯನ್ನು ಒಳಗೆ ದೂಡುತ್ತದೆ. ಆದರೆ ಫ್ರಿಜ್ ಒಂದು ಮೂಲೆಯಲ್ಲಿ ಕದಲದೆ ನಿಂತಿರುತ್ತದೆ. ಇದು ಆಕಾಶದಲ್ಲಿ ಗಡಗಡ ನಡುಗುತ್ತದೆ. ಕಂಪ್ರೆಸರನ್ನು ತಿರುಗಿಸುವ ಬೆಲ್ಟು ಹಿಂದಿನ ಬಾಲದ ರೆಕ್ಕೆಗೆ ಹೋಗುವ ಉದ್ದನೆಯ ದಂಡದಿಂದಲೇ ಶಕ್ತಿ ಪಡೆಯುತ್ತದೆ. ಆ ದಂಡದ ಪಕ್ಕದಲ್ಲೇ ಗ್ಯಾಸಿನ ಪೈಪು. ಹೀಗಾಗಿ ತಂಪಕ್ಕನ ಕೆಲಸವೂ ಮೇಷ್ಟ್ರ ಕೆಲಸವೂ ಒಂದೇ ಇಕ್ಕಟ್ಟಿನಲ್ಲಿ ಭುಜಕ್ಕೆ ಭುಜ ತಾಗುತ್ತಿದ್ದವು.

ಗೊಂದಲ ಶುರುವಾದದ್ದು ರೋಗಿಗಳನ್ನು ಸಾಗಿಸುವ ಹೆಲಿಕಾಪ್ಟರಿನಿಂದ. ಅದರ ನರ್ಸ್ ಇಳಿದವಳೇ ನೇರ ತಂಪಕ್ಕನ ಬಳಿ ಬಂದಳು.

"ಅಕ್ಕ, ಮೇಲೆ ಹೋಗಿ ಹತ್ತು ನಿಮಿಷಕ್ಕೆ ಬರೀ ಬಿಸಿ ಗಾಳಿ. ಗ್ಲೌಸ್ ಒಳಗೆ ಬೆವರು ತುಂಬ್ಕೊಂಡು ಸೂಜಿ ಜಾರ್ತಾ ಇತ್ತು. ಪುಣ್ಯಕ್ಕೆ ಏನೂ ಆಗ್ಲಿಲ್ಲ."

ಗ್ಯಾಸು ಕಡಿಮೆಯಾದರೆ ಕಂಪ್ರೆಸರ್ ಕೆಡದಿರಲಿ ಎಂದು ಒಂದು ಸ್ವಿಚ್ಚು ತಾನಾಗಿ ಅದನ್ನು ನಿಲ್ಲಿಸುತ್ತದೆ. ಆಗಿದ್ದೂ ಅದೇ. ತಂಪಕ್ಕ ಕೀಲುಗಳಿಗೆಲ್ಲ ಸೋಪು ನೀರು ಬಳಿದಳು, ಗುಳ್ಳೆ ಏಳಲಿಲ್ಲ. ಸೋರಿಕೆ ಮೂಸುವ ಯಂತ್ರ ಹಿಡಿದಳು, ಅದೂ ತುಟಿ ಪಿಟಕ್ಕೆನ್ನಲಿಲ್ಲ. ಬೆಲ್ಟು ಬಿಗಿಯಾಗಿತ್ತು, ಕಂಡೆನ್ಸರಿನಲ್ಲಿ ಧೂಳಿರಲಿಲ್ಲ. ಸಿಲಿಂಡರಿನ ಮೇಲೆ ಬರೆದಿದ್ದ ತೂಕದ ಲೆಕ್ಕದಲ್ಲೇ ಗ್ಯಾಸು ತುಂಬಿಸಿ ಕಳಿಸಿದಳು. ಹದಿನೈದು ದಿನಕ್ಕೆ ಮತ್ತೆ ಅದೇ ದೂರು. ಮತ್ತೆ ತುಂಬಿಸಿದಳು. ಮೂರನೇ ಸಲವೂ ನರ್ಸ್ ಅದೇ ದೂರು ತಂದಾಗ ತಂಪಕ್ಕನ ತಲೆಗೆ ಹುಳ ಹೊಕ್ಕಿತು. ಗ್ಯಾಸು ಸೋರುತ್ತಿಲ್ಲವಾದರೆ ತುಂಬಿಸುವಾಗಲೇ ಕಡಿಮೆ ಇತ್ತೇ? ಸಿಲಿಂಡರಿನಲ್ಲಿ ಇರಬೇಕಾದದ್ದೇ ಇತ್ತೇ?

ಸಿಲಿಂಡರ್ ಕೊಡುವ ಸ್ಟೋರಿನವನು ಬೇರೆ ಯಾರೂ ಅಲ್ಲ, ಅವಳ ಮೈದುನ. ಒಂದೇ ಮನೆ; ಕೆಳಗೆ ಇವರು, ಮಹಡಿಯ ಮೇಲೆ ಅವನು, ಅವನ ಹೆಂಡತಿ. ಅವನ ಗೆಳೆಯನೊಬ್ಬನಿಗೆ ಕಾರಿನ ಏಸಿ ರಿಪೇರಿ ಅಂಗಡಿ. ಆ ಗೆಳೆಯನ ವ್ಯಾನಿಗೆ ಮೈದುನ ಒಂದು ಸಿಲಿಂಡರ್ ಏರಿಸುತ್ತಿದ್ದುದನ್ನು ಹೋದ ತಿಂಗಳು ಗೇಟಿನ ಬಳಿ ಇವಳೇ ಕಣ್ಣಾರೆ ಕಂಡಿದ್ದಳು. ಅಂದು ಏನೂ ಅನ್ನಿಸಿರಲಿಲ್ಲ. ಈಗ ಅದೊಂದೇ ಚಿತ್ರ ಕಣ್ಣ ಮುಂದೆ ಕುಣಿಯತೊಡಗಿತು.

ಎರಡು ದಿನ ನುಂಗಿಕೊಂಡಳು. ಮೂರನೆಯ ದಿನ ಎಲ್ಲರೂ ಊಟಕ್ಕೆ ಕೂತಾಗ ಬಾಯಿ ತಡೆಯಲಿಲ್ಲ.

"ಆ ವ್ಯಾನಲ್ಲಿ ಹೋದ ಸಿಲಿಂಡರ್ ಯಾವುದು?"

ಮೈದುನ ತುತ್ತು ಎತ್ತಿದವನು ಹಾಗೇ ನಿಲ್ಲಿಸಿದ. "ಖಾಲಿದು ಅತ್ತಿಗೆ. ಖಾಲಿ ಸಿಲಿಂಡರ್ ವಾಪಸ್ ಕಳಿಸೋದು ನನ್ನ ಕೆಲಸ. ಕಂಪನಿ ಗಾಡಿ ಕೆಟ್ಟಿತ್ತು, ಅವನ ಗಾಡೀಲಿ ಕಳಿಸಿದೆ. ಯಾಕೆ?"

"ಪೂರ್ತಿ ಖಾಲಿನಾ?"

ಗಂಡ ಕೆಮ್ಮಿದ. ಓರಗಿತ್ತಿ ತಲೆ ಬಗ್ಗಿಸಿದಳು. ಮೈದುನ ಕೈ ತೊಳೆದು ಎದ್ದ. ಮರುದಿನ ಬೆಳಿಗ್ಗೆ ಸ್ಟೋರಿನಲ್ಲಿದ್ದ ಒಂದೊಂದು ಸಿಲಿಂಡರನ್ನೂ ಅವಳ ಎದುರೇ ತಕ್ಕಡಿಗೇರಿಸಿ, ಪುಸ್ತಕದಲ್ಲಿದ್ದ ತೂಕವನ್ನು ಗಟ್ಟಿಯಾಗಿ ಓದಿದ. ಒಂದರಲ್ಲೂ ಒಂದು ಗ್ರಾಮಿನ ವ್ಯತ್ಯಾಸವಿರಲಿಲ್ಲ. "ಇನ್ನೇನಾದ್ರೂ ನೋಡಬೇಕಾ? ಜೇಬು?" ಎಂದ. ಸುತ್ತ ನಾಲ್ಕು ಜನ ನಿಂತಿದ್ದರು, ಮೇಷ್ಟ್ರೂ ಇದ್ದರು. ತಂಪಕ್ಕನ ಮುಖ ಹುಳ್ಳಗಾಯಿತು. ಅಂದಿನಿಂದ ಮೈದುನ ದಂಪತಿ ಮನೆಯೊಳಗಿನ ಮೆಟ್ಟಿಲು ಬಿಟ್ಟು ಹೊರಗಿನ ಕಬ್ಬಿಣದ ಮೆಟ್ಟಿಲಲ್ಲಿ ಓಡಾಡತೊಡಗಿದರು. ಅವರ ಚಪ್ಪಲಿಯ ಟಣಟಣ ಸದ್ದು ಕೇಳಿದಾಗಲೆಲ್ಲ ಗಂಡ ಇವಳತ್ತ ಒಮ್ಮೆ ನೋಡುತ್ತಿದ್ದ, ಅಷ್ಟೇ.

ಆದರೂ ಗ್ಯಾಸು ಹೋದದ್ದು ಸುಳ್ಳಲ್ಲವಲ್ಲ! ಅವಮಾನ ನುಂಗಿದಷ್ಟೂ ಅವಳ ಹಟ ಹೆಚ್ಚಿತು. ಒಂದು ಮಧ್ಯಾಹ್ನ ಸೂಜಿಯ ಮೊನೆಯಲ್ಲಿ ಬಿಳಿ ಬಣ್ಣ ಅದ್ದಿ, ಗ್ಯಾಸಿನ ದಾರಿಯುದ್ದಕ್ಕೂ ಪ್ರತಿ ನಟ್ಟಿಗೂ, ಪೈಪು ಹಿಡಿದಿಡುವ ಪ್ರತಿ ಕ್ಲಾಂಪಿಗೂ ಒಂದೊಂದು ಕೂದಲೆಳೆಯ ಗೆರೆ ಎಳೆದಳು. ಯಾರು ಬಿಚ್ಚಿದರೂ ಗೆರೆ ತುಂಡಾಗಬೇಕು. ಕಾಣದ ಮಗ್ಗುಲಲ್ಲಿ ಎಳೆದಳು, ಯಾರಿಗೂ ಹೇಳಲಿಲ್ಲ.

ಹನ್ನೆರಡನೆಯ ದಿನ ಗ್ಯಾಸು ಮತ್ತೆ ಇಳಿದಿತ್ತು. ತಂಪಕ್ಕ ಬೆಳಕು ಹಿಡಿದು ಗೆರೆಗಳನ್ನು ನೋಡುತ್ತ ಬಂದಳು. ಎಲ್ಲ ನೆಟ್ಟಗಿದ್ದವು, ಬಾಲದ ದಂಡದ ಪಕ್ಕದ ಕ್ಲಾಂಪಿನದು ಬಿಟ್ಟು. ಅಲ್ಲಿ ಗೆರೆ ತುಂಡಾಗಿತ್ತು. ಅದರ ಮುಂದಿನ ಕೀಲಿನ ಗೆರೆ ಕೂದಲಷ್ಟು ಪಕ್ಕಕ್ಕೆ ಸರಿದಿತ್ತು. ಯಾರೋ ಕ್ಲಾಂಪು ಬಿಚ್ಚಿ, ಪೈಪನ್ನು ಎಳೆದು, ಮತ್ತೆ ಕೂರಿಸಿದ್ದಾರೆ. ಎಳೆದಾಗಲೆಲ್ಲ ಕೀಲು ತುಸು ತಿರುಚಿಕೊಂಡಿದೆ. ನಿಂತಾಗ ಸೋರದೆ, ಹಾರಾಟದ ನಡುಕಕ್ಕೆ ಮಾತ್ರ ಉಸಿರು ಬಿಟ್ಟ ಹಾಗೆ ಸೋರಿದೆ. ಮಾಡಿದ ಕೆಲಸವನ್ನೆಲ್ಲ ಬರೆದಿಡುವ ಲಾಗ್‌ಬುಕ್ಕಿನಲ್ಲಿ ಆ ಕ್ಲಾಂಪು ಬಿಚ್ಚಿದ್ದಾಗಿ ಒಂದು ಅಕ್ಷರವಿಲ್ಲ.

ಆ ವಾರ ಹ್ಯಾಂಗರಿನಲ್ಲಿ ಅವಳ ಕಣ್ಣಿಗೆ ಬಿದ್ದವರೆಲ್ಲ ಆರೋಪಿಗಳೇ. ಹೊಸ ಹೆಲಿಕಾಪ್ಟರಿಗೆ ಆಸೆಪಡುವ ಕ್ಯಾಪ್ಟನ್ ಇದನ್ನು ಕೆಡಿಸಿಡುತ್ತಿರಬಹುದೇ? ಒರೆಸುವ ಬಟ್ಟೆ ಹಿಡಿದು ಎಲ್ಲೆಂದರಲ್ಲಿ ಕೈ ಹಾಕುವ ಕ್ಲೀನರ್? ಎದುರು ಬಂದು ನಕ್ಕವನು ಯಾಕೆ ನಕ್ಕ, ನಗದವನು ಯಾಕೆ ನಗಲಿಲ್ಲ? ಕೊನೆಗೆ ತಾಳಲಾರದೆ ಮೇಷ್ಟ್ರ ಬಳಿ ಹೋಗಿ ಗೆರೆಯ ಗುಟ್ಟು ಬಿಡದೆ, "ಕ್ಲಾಂಪು ಯಾರೋ ಮುಟ್ಟಿದ ಹಾಗಿದೆ ಮೇಷ್ಟ್ರೇ" ಎಂದಳು.

"ಬಿಡಮ್ಮ, ನಡುಕಕ್ಕೆ ಸಡಿಲ ಆಗಿರುತ್ತೆ. ಬಿಗಿ ಮಾಡಿಬಿಡು" ಎಂದರು ಮೇಷ್ಟ್ರು, ಮುಖ ಎತ್ತದೆ.

ತಂಪಕ್ಕ ನಿಂತಲ್ಲೇ ನಿಂತಳು. ಸಡಿಲ ಬೋಲ್ಟೊಂದನ್ನು ಕಂಡರೆ ಇಡೀ ಹ್ಯಾಂಗರನ್ನು ತಲೆಕೆಳಗು ಮಾಡುತ್ತಿದ್ದ ಮನುಷ್ಯ ಇವರು. ಇವರ ಬಾಯಲ್ಲಿ 'ಬಿಡಮ್ಮ' ಎಂಬ ಮಾತೇ?

ಮರುದಿನ ಮೇಷ್ಟ್ರು ಬಾಲದ ದಂಡ ಪರೀಕ್ಷಿಸುವ ಸರದಿಯಿತ್ತು. ತಲೆನೋವೆಂದು ರಜೆ ಹೇಳಿ ಗೇಟಿನ ತನಕ ಹೋದವಳು ಹಿಂಬಾಗಿಲಿನಿಂದ ಬಂದು, ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಹೆಲಿಕಾಪ್ಟರಿನ ಹಿಂದಿನ ಸೀಟಿನಲ್ಲಿ ಕೂತಳು. ಬಾಗಿಲು ಮುಚ್ಚಿದ ಆ ಗೂಡಿನಲ್ಲಿ ಬೆವರು ಧಾರಾಕಾರ ಹರಿಯಿತು. ತಾನು ದಿನವೂ ದೂರ ಮಾಡುವ ಸೆಕೆ ಎಷ್ಟೆಂದು ಅವಳ ಮೈಗೆ ತಿಳಿದದ್ದು ಅಂದೇ. ಎಲ್ಲರೂ ಊಟಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಒಬ್ಬರೇ ಬಂದರು.

ಏಣಿ ಹತ್ತಿ ತಗಡು ತೆಗೆದರು. ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಸಂದಿಗೆ ತೂರಿಸಿದರು. ದಂಡದ ಹಿಂಬದಿಯನ್ನು ಎಲ್ಲರೂ ನೋಡುವುದು ಹಾಗೆಯೇ. ಕನ್ನಡಿಯನ್ನು ಹತ್ತಿರ ತಂದರು, ದೂರ ಹಿಡಿದರು, ಕನ್ನಡಕ ಬದಲಿಸಿದರು. ಆಮೇಲೆ ನಿಟ್ಟುಸಿರಿಟ್ಟು ಕನ್ನಡಿಯನ್ನು ಜೇಬಿಗಿಳಿಸಿ, ಕ್ಲಾಂಪು ಬಿಚ್ಚಿ, ಗ್ಯಾಸಿನ ಪೈಪನ್ನು ಭುಜದಿಂದ ಒತ್ತಿ ಸರಿಸಿ, ಆ ಸಂದಿಯಲ್ಲಿ ಮುಖವನ್ನೇ ತುರುಕಿದರು. ಕಣ್ಣಿಗೆ ಸಾಲದ್ದನ್ನು ಬೆರಳ ತುದಿಯಿಂದ ಸವರಿ ಸವರಿ ನೋಡಿದರು.

ತಂಪಕ್ಕ ಇಳಿದು ಬಂದು ಏಣಿಯ ಬುಡದಲ್ಲಿ ನಿಂತಳು. "ಮೇಷ್ಟ್ರೇ."

ಅವರು ಬೆಚ್ಚಿಬೀಳಲಿಲ್ಲ. ನಿಧಾನ ತಿರುಗಿದರು. "ತಲೆನೋವು ಅಂದಿದ್ದೆಯಲ್ಲ."

"ಇತ್ತು. ಈಗ ಜಾಸ್ತಿ ಆಯ್ತು."

ಮೇಷ್ಟ್ರು ಏಣಿಯ ಮೆಟ್ಟಿಲ ಮೇಲೇ ಕುಸಿದು ಕೂತರು. "ಕನ್ನಡೀಲಿ ಕಾಣಲ್ಲಮ್ಮ. ಎಂಟು ತಿಂಗಳಾಯ್ತು, ಬರೀ ಮಂಜು. ಹತ್ರದಿಂದ ನೋಡಿದ್ರೆ ಕಾಣುತ್ತೆ. ನೋಡದೆ ಒಂದು ಸಲಾನೂ ಸಹಿ ಹಾಕಿಲ್ಲ ನಾನು, ದೇವರಾಣೆ."

"ಗ್ಯಾಸ್ ಹೋಗ್ತಿರೋದು ಇದರಿಂದಾನೇ ಅಂತ ಗೊತ್ತಿತ್ತಾ?"

"ಮೊದಲು ಗೊತ್ತಿರಲಿಲ್ಲ."

"ನನ್ನ ಮೈದುನ ಎಲ್ಲರ ಮುಂದೆ ಸಿಲಿಂಡರ್ ತೂಗ್ತಾ ಇದ್ನಲ್ಲ, ಆಗ?"

ಮೇಷ್ಟ್ರು ಕೈಯಲ್ಲಿದ್ದ ಕನ್ನಡಕವನ್ನು ಒರೆಸತೊಡಗಿದರು. "ಆಗ ಗೊತ್ತಿತ್ತು" ಎಂದರು.

"ಇನ್ನು ಐದೇ ತಿಂಗಳು ತಂಪಕ್ಕ. ಆಮೇಲೆ ರಿಟೈರು. ಮರ್ಯಾದೆಯಿಂದ ಹೋಗ್ತೀನಿ, ಬಿಟ್ಬಿಡು."

ಅವಳ ಈ ಕೆಲಸ, ಈ ಅನ್ನ, ಎಲ್ಲ ಅವರು ಅಂದು ಆಡಿದ ಒಂದು ಮಾತಿನಿಂದ ಬಂದದ್ದು. ಆದರೆ ಆ ನರ್ಸಿನ ಬೆವರಿದ ಕೈಯನ್ನು ಬಿಟ್ಟರೂ, ಕಣ್ಣು ಮಂಜಾದವರು ಸಹಿ ಹಾಕಿದ ದಂಡವನ್ನು ನಂಬಿ ಮೇಲೇರುವವರನ್ನು ಬಿಡುವುದು ಹೇಗೆ? "ಸಂಜೆ ನಾಲ್ಕರ ತನಕ ಕಾಯ್ತೀನಿ. ನೀವೇ ಹೋಗಿ ಹೇಳಿ. ಇಲ್ಲಾಂದ್ರೆ ನಾನು ಬರೀತೀನಿ" ಎಂದಳು.

ನಾಲ್ಕಕ್ಕೆ ಮೇಷ್ಟ್ರು ಊಟದ ಡಬ್ಬಿ ಹಿಡಿದು ಯಾರತ್ತಲೂ ನೋಡದೆ ಮನೆಗೆ ಹೋದರು. ತಂಪಕ್ಕ ಲಾಗ್‌ಬುಕ್ ತೆರೆದು ಕಂಡದ್ದನ್ನಷ್ಟೇ ಬರೆದಳು. ಮೂರು ಸಾಲು. ಸಹಿ ಹಾಕಿ ಪುಸ್ತಕವನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟಳು.

ಮೂರು ದಿನ ಎರಡು ಹೆಲಿಕಾಪ್ಟರುಗಳು ನೆಲ ಬಿಡಲಿಲ್ಲ. ಎಂಟು ತಿಂಗಳಲ್ಲಿ ಮೇಷ್ಟ್ರು ಸಹಿ ಮಾಡಿದ ಒಂದೊಂದು ಕೆಲಸವನ್ನೂ ಇನ್ನಿಬ್ಬರು ಮರುಪರೀಕ್ಷೆ ಮಾಡಿದರು. ಏನೂ ಸಿಗದಿರಲಿ ಎಂದು ತಂಪಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು. ಎಲ್ಲವೂ ಸರಿಯಾಗಿಯೇ ಇತ್ತು, ಒಂದನ್ನು ಬಿಟ್ಟು. ದಂಡವನ್ನು ಹಿಡಿದಿಡುವ ಒಂದು ಬ್ರಾಕೆಟ್ಟಿನ ಒಳಮೈಯಲ್ಲಿ ಕೂದಲೆಳೆಯಂಥ ಬಿರುಕು. ಬೆರಳಿಗೆ ಸಿಗದು, ಒಳ್ಳೆಯ ಕಣ್ಣಿಗಷ್ಟೇ ಸಿಗುತ್ತದೆ. "ಇನ್ನೂ ಎಷ್ಟೋ ದಿನ ತಡೀತಿತ್ತೋ, ನಾಳೇನೇ ಹೋಗ್ತಿತ್ತೋ, ಯಾರಿಗೆ ಗೊತ್ತು" ಎಂದರು ಮ್ಯಾನೇಜರ್. ಗೆದ್ದೆನೆಂದು ಅವಳಿಗೆ ಅನ್ನಿಸಲಿಲ್ಲ. ಮೂಲೆಗೆ ಹೋಗಿ ಒಂದು ಲೋಟ ನೀರು ಕುಡಿದಳು.

ಬ್ರಾಕೆಟ್ಟು ಬದಲಾದ ಮೇಲೆ ಅವಳ ಸರದಿ. ಉಳಿದ ಗ್ಯಾಸನ್ನು ಗ್ಯಾಸು ಹೀರುವ ಯಂತ್ರಕ್ಕೆ ಎಳೆದುಕೊಂಡು, ತಿರುಚಿದ ಪೈಪನ್ನು ಬಿಸಾಡಿ ಹೊಸದು ಹಾಕಿದಳು. ಕೀಲಿನ ರಬ್ಬರ್ ಬಳೆಗಳಿಗೆ ಎಣ್ಣೆ ಸವರಿ ಕೂರಿಸಿದಳು. ತೇವ ಹೀರುವ ಡಬ್ಬಿಯನ್ನು ಬದಲಿಸಿದಳು. ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೊರಗೆಳೆದು, ಮುಳ್ಳು ಕದಲುತ್ತದೋ ಎಂದು ಒಂದು ಗಂಟೆ ಮೀಟರಿನ ಮುಂದೆ ಕಣ್ಣು ಮಿಟುಕಿಸದೆ ಕೂತಳು. ಕದಲಲಿಲ್ಲ. ತೂಕ ಮಾಡಿ ಗ್ಯಾಸು ಬಿಟ್ಟಳು. ಆ ಬೇಸಿಗೆ ಪೂರ್ತಿ ನರ್ಸಿನಿಂದ ಒಂದು ದೂರೂ ಬರಲಿಲ್ಲ.

ಮೈದುನನ ಬಳಿ ಹೋಗಲು ಮಾತ್ರ ಇನ್ನೊಂದು ವಾರ ಬೇಕಾಯಿತು. ಹೊರಗಿನ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಳು.

"ತಪ್ಪಾಯ್ತು ಅನ್ನೋಕೆ ಬಂದ್ರಾ ಅತ್ತಿಗೆ, ಇಲ್ಲಾ ಮನೇಲಿ ಸಿಲಿಂಡರ್ ಇದೆಯಾ ನೋಡೋಕೆ ಬಂದ್ರಾ?"

"ತಪ್ಪಾಯ್ತು ಅನ್ನೋಕೆ" ಎಂದಳು. ಹಾಳು ಕಣ್ಣು ಅಷ್ಟರಲ್ಲೇ ಒಮ್ಮೆ ಮಂಚದ ಕೆಳಗೆ ಹೋಗಿ ಬಂತು. ಮೈದುನ ಅದನ್ನು ಕಂಡ. ಓರಗಿತ್ತಿಯೂ ಕಂಡಳು. ಮೊದಲು ನಕ್ಕವಳು ಅವಳೇ. ಮೈದುನ ನಗಲಿಲ್ಲ, ಆದರೆ ಕುರ್ಚಿ ಎಳೆದು ಕೊಟ್ಟ.

ಮೇಷ್ಟ್ರಿಗೆ ಕಣ್ಣಿನ ಆಪರೇಷನ್ ಆಯಿತು. ಉಳಿದ ತಿಂಗಳುಗಳಲ್ಲಿ ಅವರನ್ನು ಸಲಕರಣೆಗಳ ಕೋಣೆಯಲ್ಲಿ ಕೂರಿಸಿದರು. ತಂಪಕ್ಕ ಸ್ಪ್ಯಾನರ್ ಕೇಳಿದರೆ ಕೊಡುತ್ತಿದ್ದರು, ಮಾತಿಲ್ಲ, ಕತೆಯಿಲ್ಲ. ರಿಟೈರಾದ ದಿನ ಎಲ್ಲರಿಗೂ ಕೈ ಮುಗಿದವರು ಅವಳ ಮುಂದೆ ತುಸು ನಿಂತು, ಮುಂದೆ ಸಾಗಿದರು.

ಕೆಲವು ತಿಂಗಳ ಮೇಲೆ ತರಕಾರಿ ಕೊಳ್ಳುವಾಗ ಮೇಷ್ಟ್ರ ಹೆಂಡತಿ ಸಿಕ್ಕರು. "ನೀನು ಮಾಡಿದ್ದೇ ಸರಿ ಅಂದ್ರಮ್ಮ ಅವರು. ನಾನು ಹೇಳಿದೆ ಅಂತ ಹೇಳಬೇಡ" ಎಂದು ಪಿಸುಗುಟ್ಟಿ ಚೀಲ ಎತ್ತಿಕೊಂಡು ಹೋದರು.

ದಾರಿಯುದ್ದಕ್ಕೂ ತಂಪಕ್ಕನ ತಲೆಯಲ್ಲಿ ಅದೇ ಕೊರೆತ. ಮೇಷ್ಟ್ರು ನಿಜಕ್ಕೂ ಹಾಗೆ ಅಂದರೋ, ಇವಳ ಮನಸ್ಸು ತಣ್ಣಗಾಗಲೆಂದು ಆ ತಾಯಿ ತಾವೇ ಸೇರಿಸಿದರೋ? ಮನೆ ಮುಟ್ಟಿದವಳು ಗಂಡನಿಗೆ ಎಲ್ಲ ಹೇಳಿ, "ಏನನ್ಸುತ್ತೆ?" ಎಂದಳು.

"ಮೇಷ್ಟ್ರ ಫೋನ್ ನಂಬರ್ ಇದೆಯಲ್ಲ, ಕೇಳೇಬಿಡು" ಎಂದ ಅವನು, ಬಸ್ಸಿನ ಕೀಲಿಕೈ ಹುಡುಕುತ್ತ.

ಅವಳು ಫೋನು ಕೈಗೆತ್ತಿಕೊಂಡಳು. ನಂಬರನ್ನೂ ತೆಗೆದಳು. ಆಮೇಲೆ ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ತರಕಾರಿ ತೊಳೆಯಲು ಹೋದಳು.