ತೊರಿಬಿಯೊನ ನಾಲ್ಕನೆಯ ಪದಕ

ಸತ್ತವರ ಮನೆಯಲ್ಲಿ ನಗಬಾರದು ಎಂದು ಕಡಲ ನಡುವಿನ ನಮ್ಮ ದ್ವೀಪದ ಒರೊಕೊವಿಸ್ ಬೆಟ್ಟದವರಿಗೆ ಯಾರೂ ಕಲಿಸಿಲ್ಲ. ಒಳಗೆ ಹೆಣ ಇರುತ್ತದೆ, ಹೆಂಗಸರು ಜಪಮಾಲೆ ಎಣಿಸುತ್ತಿರುತ್ತಾರೆ, ಗಂಡಸರು ಮಾತ್ರ ಅಂಗಳದಲ್ಲಿ ಕಾಫಿ ಹೀರುತ್ತ ಸತ್ತವನ ಪುರಾಣ ಬಿಚ್ಚಿ ನಗುತ್ತಿರುತ್ತಾರೆ. ಪ್ರೊವಿ ಈ ನಗೆಗೆ ಎಂದೂ ಬೇಜಾರು ಮಾಡಿಕೊಂಡವಳಲ್ಲ. ಆದರೆ ಕೊರಿಯಾ ಯುದ್ಧಕ್ಕೆ ಹೋಗಿಬಂದಿದ್ದ ಮುದುಕ ಬೆನಿತೊ ಸತ್ತಾಗ, ಆ ಮನೆಯ ಅಡುಗೆಮನೆಯಲ್ಲಿ ಬಟ್ಟಲು ತೊಳೆಯುತ್ತ ನಿಂತವಳಿಗೆ ಕಿಟಕಿಯಾಚೆಯ ಮಾತು ಕೇಳಿಸಿತು.

"ಬೆನಿತೊನ ಗೋರಿಕಲ್ಲಿನ ಮೇಲೆ ನೇರಳೆ ಪದಕದ ಹೆಸರು ಕೆತ್ತುತ್ತಾರೆ. ಯುದ್ಧದಲ್ಲಿ ಗಾಯ ಆದವನು ಅಂತ ಲೋಕಕ್ಕೆಲ್ಲ ಗೊತ್ತಾಗುತ್ತೆ," ಎಂದ ಒಬ್ಬ. "ನಮ್ಮ ತೊರಿಬಿಯೊಗೆ ಏನು ಕೆತ್ತುತ್ತಾರೋ ಕಾಣೆ."

"ತನ್ನದೇ ಬಂದೂಕು, ತನ್ನದೇ ಕಾಲು ಅಂತ ಕೆತ್ತಲಿ ಬಿಡು," ಎಂದ ಮಾಂಸದಂಗಡಿಯ ಚಾಗೊ. ಅಂಗಳ ಘೊಳ್ಳೆಂದಿತು.

ತೊರಿಬಿಯೊ ಪ್ರೊವಿಯ ಗಂಡ. ಪ್ರೊವಿ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು, ಒದ್ದೆ ಕೈಯಲ್ಲೇ ಹೊರಗೆ ಹೋಗಿ ಚಾಗೊನ ಜನ್ಮ ಜಾಲಾಡಿದಳು. ಅವನಪ್ಪ ತಕ್ಕಡಿಗೆ ಹೆಬ್ಬೆರಳು ಒತ್ತಿ ಮಾಂಸ ಮಾರುತ್ತಿದ್ದುದರಿಂದ ಹಿಡಿದು ಒಂದನ್ನೂ ಬಿಡಲಿಲ್ಲ. ಗಂಡಸರು ತಲೆ ತಗ್ಗಿಸಿ ಕೂತರು. ಗಂಡನ ಮೇಲೆ ಯಾರಾದರೂ ಆ ಮಾತೆತ್ತಿದರೆ ಪ್ರೊವಿ ಹೀಗೆಯೇ, ಮದುವೆಯಾದ ದಿನದಿಂದಲೂ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದಕ್ಕಾಗುತ್ತದೆಯೇ? ಅವಳು ಮುಚ್ಚಿಸಲು ಹೆಣಗುತ್ತಲೇ ಇದ್ದಳು.

ಮಾತು ಹುಟ್ಟಿದ್ದು ಹೀಗೆ. ತೊರಿಬಿಯೊ ಯುದ್ಧದ ಕೊನೆಗೆ ಜಪಾನಿನ ಆಸ್ಪತ್ರೆಯೊಂದರಲ್ಲಿ ಎಡಪಾದಕ್ಕೆ ಕೀವು ತುಂಬಿ ಮಲಗಿದ್ದ. ಅಲ್ಲಿ ನಮ್ಮ ಕಡೆಯವನೇ ಒಬ್ಬ ಅವನನ್ನು ನೋಡಿದ. ಪಾದಕ್ಕೆ ತೂತು ಬಿದ್ದಿದೆ, ಗಾಯಾಳುಗಳಿಗೆ ಹಾಸಿಗೆಗೇ ತಂದು ಕೊಡುವ ಪದಕ ಮಾತ್ರ ಬಂದಿಲ್ಲ. ಮನೆ ಸೇರುವ ಆಸೆಗೆ ಪಾದಕ್ಕೆ ತಾವೇ ಗುಂಡು ಹೊಡೆದುಕೊಳ್ಳುವವರ ಕಥೆ ಯಾವ ಯುದ್ಧದಲ್ಲಿಲ್ಲ? ಆ ಪುಣ್ಯಾತ್ಮ ಎರಡು ಮತ್ತು ಎರಡು ಕೂಡಿಸಿ ಊರಿಗೆ ಬಂದು ಹಂಚಿದ. ಅವನು ಸತ್ತು ಎಷ್ಟೋ ಕಾಲವಾಯಿತು, ಹಂಚಿದ್ದು ಮಾತ್ರ ಉಳಿದುಕೊಂಡಿತು. ಸೈನ್ಯ ಬಿಡುವಾಗ ಕೊಟ್ಟ ಕಾಗದದಲ್ಲೂ ಮೂರೇ ಪದಕ. ಯುದ್ಧಕ್ಕೆ ಹೋದವರಿಗೆಲ್ಲ ಕೊಟ್ಟ ಪದಕಗಳು ಅವು. ಗಾಯದ ಪದಕದ ಸುದ್ದಿ ಇಲ್ಲ.

ಬೆನಿತೊನನ್ನು ಮಣ್ಣು ಮಾಡಿದ ಮರುವಾರವೇ ಪ್ರೊವಿ ಆ ಕಾಗದ ಹಿಡಿದು ಪೇಟೆಗೆ ಇಳಿದಳು. ಪುರಸಭೆಯ ಕೆಳಗಿನ ಕೋಣೆಯಲ್ಲಿ ಒತೇರೊ ಎನ್ನುವವನು ಮಾಜಿ ಸೈನಿಕರ ಕಾಗದಪತ್ರ ನೋಡುತ್ತಾನೆ. ಒಳ್ಳೆಯ ಮನುಷ್ಯ, ಆದರೆ ಮಾತಿಗೆ ಮೊದಲು ನಿಟ್ಟುಸಿರು ಬಿಡುವ ಜಾತಿ.

"ದಾಖಲೆ ತಿದ್ದಿಸಬಹುದಮ್ಮ," ಎಂದ. "ಆದರೆ ಇವರ ಕಡತ ಇದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಸುಟ್ಟುಹೋಗಿದೆ. ಆಸ್ಪತ್ರೆಯ ಚೀಟಿ ಎಲ್ಲಾದ್ರೂ ಉಳಿದಿದೆಯಾ ಅಂತ ಬರೆದು ಕೇಳ್ತೀನಿ. ಅದಕ್ಕಿಂತ ಮುಖ್ಯ, ಆಗ ಜೊತೆಗಿದ್ದವರು ಯಾರಾದ್ರೂ ಬದುಕಿದ್ದಾರಾ?"

"ಇದ್ದಾರಲ್ಲ. ನಮ್ಮ ಕಂಪಾದ್ರೆ ಕೊನ್ಫೆಸೋರ್."

"ಮತ್ತೇನು ಯೋಚನೆ? ನಾನು ಕಣ್ಣಾರೆ ನೋಡಿದೆ ಅಂತ ಪ್ರಮಾಣ ಮಾಡಿ ಬರೆದುಕೊಟ್ಟರೆ ಮುಗೀತು."

ಕೊನ್ಫೆಸೋರ್ ಪಕ್ಕದ ಗುಡ್ಡದವನು, ತೊರಿಬಿಯೊನ ಜೊತೆಗೇ ಯುದ್ಧಕ್ಕೆ ಹೋಗಿ ಮುಖಕ್ಕೆ ಗಾಯ ಮಾಡಿಕೊಂಡು ಬಂದವನು. ಇವರ ಮಗಳು ನೆರೈದಾಳನ್ನು ಜ್ಞಾನಸ್ನಾನದ ದಿನ ಧರ್ಮತಂದೆಯಾಗಿ ಎತ್ತಿಕೊಂಡವನು ಅವನೇ. ಅಂದಿನಿಂದ ಗಂಡಸರಿಬ್ಬರೂ ಒಬ್ಬರಿಗೊಬ್ಬರು ಕಂಪಾದ್ರೆ, ಪ್ರೊವಿ ಅವನಿಗೆ ಕೊಮಾದ್ರೆ, ಮಾತೆಲ್ಲ ಬಹುವಚನದಲ್ಲೇ. ಆ ಸಂಬಂಧ ರಕ್ತಕ್ಕಿಂತ ಬಿಗಿ. ಕಂಪಾದ್ರೆ ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲವೆನ್ನುವ ಹಾಗಿಲ್ಲ.

ಮನೆಗೆ ಬಂದು ಪ್ರೊವಿ ಸಂಭ್ರಮದಿಂದ ಎಲ್ಲ ಹೇಳಿದಳು. ತೊರಿಬಿಯೊ ಜಗಲಿಯಲ್ಲಿ ಹಸಿ ತೊಗರಿಕಾಯಿ ಸುಲಿಯುತ್ತಿದ್ದ. ಕೈ ನಿಂತಿತು.

"ಕೊನ್ಫೆಸೋರ್‌ನ ಕೇಳಬೇಡ."

"ಅಲ್ರೀ, ಅವರೊಬ್ಬರೇ ತಾನೆ ಉಳಿದಿರೋದು."

"ಕೇಳಬೇಡ ಅಂದೆ. ಅವರ ಅಂಗಳಕ್ಕೆ ಈ ವಿಷಯ ಹೋಗಕೂಡದು."

"ಯಾಕೆ ಅಂತ ಹೇಳಬಾರದಾ?"

ತೊರಿಬಿಯೊ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದ. ಅವನು ಕುಂಟುತ್ತ ಹೋಗುವುದನ್ನು ಪ್ರೊವಿ ನೋಡಿದಳು. ದಿನಾ ನೋಡುವುದೇ. ಆದರೆ ಅಂದು ಅವಳಿಗೆ ಬೇರೆಯೇ ಒಂದು ಯೋಚನೆ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನ ಕಥೆ ಎಲ್ಲ ಊರಲ್ಲೂ ಇರುತ್ತದೆ. ಆ ಯೋಚನೆ ಬಂದದ್ದಕ್ಕೆ ಅವಳಿಗೆ ಅವಳ ಮೇಲೆಯೇ ಹೇಸಿಗೆಯಾಯಿತು. ಹೇಸಿಗೆಯಾದರೂ ಯೋಚನೆ ಹೋಗಲಿಲ್ಲ.

ಪ್ರೊವಿ ಅವನನ್ನು ಮೊದಲು ನೋಡಿದ್ದೇ ಕುಂಟನನ್ನಾಗಿ. ಅವಳಾಗ ಮನೆಯಲ್ಲೇ ಕೂತು ಕರವಸ್ತ್ರಗಳ ಅಂಚು ಹೊಲಿಯುತ್ತಿದ್ದ ಹುಡುಗಿ. ಹೊಲಿದವುಗಳ ಗಂಟು ಒಯ್ಯಲು ಬರುವ ವಾಹನದಲ್ಲಿ ಅವನೂ ಬಂದಿಳಿದ. ನೆಟ್ಟಗೆ ನಡೆಯುತ್ತಿದ್ದ ತೊರಿಬಿಯೊ ಹೇಗಿದ್ದ ಎಂದು ಅವಳಿಗೆ ಗೊತ್ತಿಲ್ಲ. ಯುದ್ಧದ ಬಗ್ಗೆ ಅವನು ಹೇಳಿದ್ದೆಲ್ಲ ಚಳಿಯ ಸುದ್ದಿ, ಅಲ್ಲಿಯ ಅನ್ನದ ಸುದ್ದಿ. ಕಾಲಿನ ಸುದ್ದಿ ಎತ್ತಿದವನಲ್ಲ. ಅವಳೂ ಕೇಳಿದವಳಲ್ಲ. ಕೇಳದೆ ಇದ್ದದ್ದು ನಂಬಿಕೆಯಿಂದ ಎಂದೇ ಅವಳು ತಿಳಿದುಕೊಂಡಿದ್ದಳು. ಈಗ ಅನ್ನಿಸತೊಡಗಿತು, ಅದು ಹೆದರಿಕೆಯೂ ಇದ್ದೀತು.

ಅವನು ಕಾಲು ತೊಳೆದು ಒರೆಸಿಕೊಳ್ಳುವಾಗ ಅವಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಗಾಯದ ಗುರುತು ಪಾದದ ಮೇಲ್ಭಾಗದಲ್ಲಿತ್ತು. ನಿಂತವನು ಬಂದೂಕು ಕೆಳಗೆ ಹಿಡಿದರೆ ಎಲ್ಲಿಗೆ ತಾಕೀತೋ ಅಲ್ಲಿಗೇ. ಒಂದು ದಿನ ಪೊರಕೆಯನ್ನು ಬಂದೂಕಿನ ಹಾಗೆ ಹಿಡಿದು ತನ್ನ ಪಾದದ ಮೇಲಿಟ್ಟು ನೋಡಿದಳು. ನೋಡಿದವಳೇ ಪೊರಕೆ ಬಿಸುಟು ಮೂಲೆಯಲ್ಲಿ ಕೂತು ಅತ್ತಳು.

ಇತ್ತ ಒತೇರೊ ಸೈನ್ಯದ ಕಚೇರಿಗೆ ಕಳಿಸಿದ ಕಾಗದ ಆಗಲೇ ಸಮುದ್ರ ದಾಟಿತ್ತು. ಆಸ್ಪತ್ರೆಯ ಚೀಟಿ ಸಿಕ್ಕಿ, ಅದರಲ್ಲಿ ತಾನೇ ಮಾಡಿಕೊಂಡ ಗಾಯ ಎಂದಿದ್ದರೆ? ಇಷ್ಟು ದಿನ ಅದು ಚಾಗೊನಂಥವರ ಬಾಯಿಮಾತು. ನಾಳೆ ಸರ್ಕಾರದ ಮೊಹರು ಬಿದ್ದು ಬರುತ್ತದೆ, ಅದೂ ಹೆಂಡತಿಯೇ ಅರ್ಜಿ ಹಾಕಿ ತರಿಸಿದ್ದು. ಅಂಚೆಯವನ ಗಾಡಿ ತಿರುವಿನಲ್ಲಿ ಹಾರ್ನ್ ಹೊಡೆದರೆ ಅವಳು ಒಲೆ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು. ಅನ್ನ ಸೀಯತೊಡಗಿತು. ಕಾಫಿಗೆ ಸಕ್ಕರೆ ಎರಡೆರಡು ಸಲ ಬೀಳತೊಡಗಿತು.

"ಅರ್ಜಿ ವಾಪಸ್ ತಗೋಬಹುದಾ?" ಎಂದು ಒತೇರೊನನ್ನು ಹೋಗಿ ಕೇಳಿದಳು.

ಒತೇರೊ ನಿಟ್ಟುಸಿರು ಬಿಟ್ಟ. "ಚೀಟಿ ಏನೂ ಸಿಕ್ಕಿಲ್ಲ ಅಂತ ಉತ್ತರ ಬಂದಿದೆ. ಇನ್ನು ಉಳಿದಿರೋದು ನಿಮ್ಮ ಕಂಪಾದ್ರೆ ಒಬ್ಬರೇ. ಅವರು ಬರೆದುಕೊಡದಿದ್ರೆ ಅರ್ಜಿ ತಾನಾಗೇ ಬಿದ್ದುಹೋಗುತ್ತೆ."

ಬಿದ್ದುಹೋಗಲಿ ಎಂದು ಸುಮ್ಮನಿರಬಹುದಿತ್ತು. ಜಾಣೆಯಾದವಳು ಸುಮ್ಮನಿರುತ್ತಿದ್ದಳು. ಆದರೆ ಸಂಶಯದ ಹುಳ ಹೊಕ್ಕ ಮೇಲೆ ಜಾಣತನ ಎಲ್ಲಿಯದು? ಪೇಟೆಯಿಂದ ಬರುತ್ತ ಪ್ರೊವಿ ತನ್ನ ಮನೆಯ ತಿರುವಿನಲ್ಲಿ ಇಳಿಯದೆ ಮುಂದಿನ ಗುಡ್ಡಕ್ಕೆ ಹೋದಳು.

ಕೊನ್ಫೆಸೋರ್ ಹಳೆಯ ಚರ್ಚು ಬಿಟ್ಟು ಪೆಂತೆಕೋಸ್ತರ ಸಭೆ ಸೇರಿದವನು. ಕುಡಿಯುವುದಿಲ್ಲ, ಆಣೆ ಇಡುವುದಿಲ್ಲ, ಸುಳ್ಳು ಹೇಳುವುದಿಲ್ಲ. ಇದರಿಂದ ಅವನ ಜೊತೆ ವ್ಯಾಪಾರ ಸುಲಭ, ಹರಟೆ ಕಷ್ಟ. ಸಭೆಯ ಮುರಿದ ಕುರ್ಚಿಗಳನ್ನು ಅಂಗಳದಲ್ಲಿ ಹರಡಿಕೊಂಡು ಮೊಳೆ ಹೊಡೆಯುತ್ತಿದ್ದ. ಯುದ್ಧದಿಂದ ಬಂದ ಮೇಲೆ ಅವನಿಗೆ ಕಾಣುವುದು ಒಂದೇ ಕಣ್ಣು.

"ಬನ್ನಿ ಕೊಮಾದ್ರೆ. ಎಲ್ಲ ಕ್ಷೇಮವಾ?"

"ಕಂಪಾದ್ರೆ, ನಾನು ನಿಮ್ಮ ಸಹಿ ಕೇಳೋಕೆ ಬಂದಿಲ್ಲ," ಎಂದಳು ಪ್ರೊವಿ. "ಒಂದೇ ಮಾತು ಹೇಳಿ. ಅವರು ಕಾಲಿಗೆ ತಾವೇ ಹೊಡ್ಕೊಂಡ್ರಾ?"

ಕೊನ್ಫೆಸೋರ್ ಸುತ್ತಿಗೆ ಕೆಳಗಿಟ್ಟ.

"ಅವರೇ ಕಳಿಸಿದ್ರಾ ನಿಮ್ಮನ್ನ?"

"ಇಲ್ಲ. ನಿಮ್ಮನ್ನ ಕೇಳಲೇಬೇಡ ಅಂದಿದ್ದಾರೆ."

ಅವನು ಒಂದು ಕುರ್ಚಿ ಅವಳತ್ತ ತಳ್ಳಿ, ತಾನೂ ಕೂತ. "ಯಾಕೆ ಗೊತ್ತಾ? ಅವರು ಬಂದು ಕೇಳಿದ್ರೆ ನಾನು ಇಲ್ಲ ಅನ್ನೋ ಹಾಗಿಲ್ಲ. ಬರೆದುಕೊಡೋದಾದ್ರೆ, ಕಣ್ಣಾರೆ ನೋಡಿದೆ ಅಂತ ಬರೀಬೇಕು. ನಾನು ನೋಡಿಲ್ಲ ಕೊಮಾದ್ರೆ. ಶೆಲ್ ಸಿಡಿದಾಗ ನನ್ನ ಎರಡು ಕಣ್ಣಲ್ಲೂ ರಕ್ತ. ಏನೇನೂ ಕಾಣ್ತಿರ್ಲಿಲ್ಲ. ಅದು ಅವರಿಗೆ ಗೊತ್ತು. ನನ್ನ ಬಾಯಲ್ಲಿ ಸುಳ್ಳು ಹೇಳಿಸಬಾರದು ಅಂತಲೇ ಇಷ್ಟು ವರ್ಷ ಕೇಳಿಲ್ಲ. ಅವರು ಈ ಅಂಗಳಕ್ಕೆ ಬಂದಾಗಲೆಲ್ಲ ನನಗೆ ಒಳಗೊಳಗೇ ಭಯ, ಇವತ್ತು ಕೇಳ್ತಾರೇನೋ ಅಂತ."

ಪ್ರೊವಿ ಆಗ ಕುರ್ಚಿಯಲ್ಲಿ ಕೂತಳು.

"ನೋಡಿಲ್ಲ, ಆದರೆ ಗೊತ್ತಿದೆ," ಎಂದು ಅವನು ಮುಂದುವರಿಸಿದ. "ಬೆಟ್ಟ ಹತ್ತುವಾಗ ಅವರು ನನ್ನ ಮುಂದೆ ಇದ್ರು. ಮೇಕೆ ಥರ ಹತ್ತುತಿದ್ರು. ಶೆಲ್ ಬಿತ್ತು. ನಾನು ಒಂದು ಪ್ರಾರ್ಥನೆ ಮುಗಿಸೋದ್ರೊಳಗೆ ನನ್ನನ್ನ ಬೆನ್ನ ಮೇಲೆ ಹಾಕ್ಕೊಂಡ್ರು. ಇಳಿಯುವಾಗ ಕುಂಟುತಿದ್ರು. ಎಡಗಾಲು ಊರಿದಾಗೆಲ್ಲ ನನ್ನ ಗಲ್ಲ ಅವರ ಹೆಗಲಿಗೆ ಬಡೀತಿತ್ತು. ಬಂದೂಕೆಲ್ಲೋ ಅಂದೆ. 'ಮೇಲೇ ಬಿಟ್ಟೆ, ನಿನ್ನ ಹೊರಲೋ ಅದನ್ನ ಹೊರಲೋ' ಅಂದ್ರು. ಮಧ್ಯೆ ಯಾವ ಗುಂಡಿನ ಸದ್ದೂ ನನ್ನ ಪಕ್ಕದಲ್ಲಿ ಆಗಿಲ್ಲ. ಕಣ್ಣು ಹೋಗಿತ್ತು, ಕಿವಿ ಹೋಗಿರ್ಲಿಲ್ಲ. ಕೆಳಗೆ ಯಾರೋ ಅವರಿಗೆ, ನಿನ್ನ ಕಾಲು ತೋರಿಸು ಅಂದ್ರು. 'ಮೊದಲು ಇವನ ಕಣ್ಣು ನೋಡಿ' ಅಂದು ಮತ್ತೆ ಬೆಟ್ಟಕ್ಕೆ ಹೋದ್ರು. ಅದಕ್ಕೇ ಆ ಗಾಯ ಯಾವ ಪಟ್ಟಿಗೂ ಸೇರಲಿಲ್ಲ, ಆಮೇಲೆ ಕೀವಾಯ್ತು."

ಪ್ರೊವಿ ಸೆರಗಿಲ್ಲದ ಊರಿನ ಹೆಂಗಸು. ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದು ಇಳಿದ ಜಾಗದಲ್ಲಿ ನಾಚಿಕೆ ಬಂದು ಕೂತಿತು.

"ಇಷ್ಟನ್ನೇ ಬರೆದುಕೊಡ್ತೀನಿ," ಎಂದು ಕೊನ್ಫೆಸೋರ್ ಎದ್ದ. "ನೋಡಿದೆ ಅಂತ ಬರೆಯಲ್ಲ, ಆಣೆ ಇಡಲ್ಲ. ಇಷ್ಟೇ ನಿಜ ಅಂತ ಹೇಳ್ತೀನಿ. ಬೇಕಾದ್ರೆ ತಗೊಳ್ಳಲಿ. ಆದರೆ ಮೊದಲು ಅವರಿಗೆ ಹೇಳಬೇಕು. ಕಂಪಾದ್ರೆಯ ಬೆನ್ನ ಹಿಂದೆ ನಾನು ಏನೂ ಮಾಡಲ್ಲ."

"ನಾನೇ ಹೇಳ್ತೀನಿ ಬಿಡಿ."

"ಇಲ್ಲ ಕೊಮಾದ್ರೆ, ನಾನೇ ಹೇಳಬೇಕು."

ದಾರಿಯುದ್ದಕ್ಕೂ ಪ್ರೊವಿ ಒಂದನ್ನೇ ಬೇಡಿಕೊಂಡಳು: ತೊರಿಬಿಯೊ ಹೆಚ್ಚು ಕೇಳದಿರಲಿ. ಸುಳ್ಳು ಹೇಳದವನನ್ನು ಮನೆಗೆ ಕರೆದುಕೊಂಡು ಹೋಗುವುದೆಂದರೆ ಕೆಂಡವನ್ನು ಮಡಿಲಲ್ಲಿ ಕಟ್ಟಿಕೊಂಡು ನಡೆದ ಹಾಗೆ. ಇವತ್ತಿನ ಮಟ್ಟಿಗೆ ಒಂದು ಸುಳ್ಳು ಹೇಳಿ ಎಂದು ಕೇಳೋಣವೆಂದು ಎರಡು ಸಲ ಬಾಯಿ ತೆರೆದಳು. ಅವನ ಮುಖ ನೋಡಿ ಮುಚ್ಚಿಕೊಂಡಳು.

ತೊರಿಬಿಯೊ ಜಗಲಿಯಲ್ಲೇ ಇದ್ದ. ಕಂಪಾದ್ರೆಯನ್ನು ಕಂಡು ಎದ್ದು ನಿಂತ. ಹಿಂದೆ ಬಂದ ಹೆಂಡತಿಯನ್ನೂ ಕಂಡ.

"ನಿಮ್ಮ ವಿಷಯ ಬರೆದುಕೊಡೋಕೆ ಹೋಗ್ತಿದ್ದೀನಿ ಕಂಪಾದ್ರೆ," ಎಂದ ಕೊನ್ಫೆಸೋರ್, ಟೋಪಿ ಕೈಯಲ್ಲಿ ಹಿಡಿದು. "ನನಗೆ ಗೊತ್ತಿರೋಷ್ಟು ಮಾತ್ರ."

ತೊರಿಬಿಯೊನ ಮುಖ ಬಿಗಿಯಿತು. "ಇವಳು ಬಂದು ನಿಮ್ಮ ಸಹಿ ಕೇಳಿದ್ಲಾ? ಬೇಡ ಅಂದಿದ್ದೆ."

"ಸಹಿ ಕೇಳಲಿಲ್ಲ."

"ಮತ್ತೆ ಏನು ಕೇಳಿದ್ಲು?"

ಕೊನ್ಫೆಸೋರ್ ಒಂದೇ ಕಣ್ಣಿನಲ್ಲಿ ಪ್ರೊವಿಯನ್ನು ನೋಡಿದ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಅವನು ಟೋಪಿಯನ್ನು ಒಂದು ಸುತ್ತು ತಿರುಗಿಸಿದ, ಇನ್ನೊಂದು ಸುತ್ತು ತಿರುಗಿಸಿದ. ಬೇಕೆಂದೇ ತಡ ಮಾಡುತ್ತಿದ್ದ, ಪಾಪ.

"ನೀವೇ ಕಾಲಿಗೆ ಹೊಡ್ಕೊಂಡ್ರಾ ಅಂತ ಕೇಳಿದ್ರು," ಎಂದ ಕೊನೆಗೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತೊರಿಬಿಯೊ ಕೂಗಾಡಲಿಲ್ಲ. ನಿಧಾನವಾಗಿ ಕುರ್ಚಿಯಲ್ಲಿ ಕೂತು ಹೆಂಡತಿಯ ಕಡೆ ತಿರುಗಿದ.

"ಊರವರು ಅಂದಾಗೆಲ್ಲ ನೀನು ಅವರ ಮೇಲೆ ಬೀಳ್ತಿದ್ದೆ. ಅದಕ್ಕೇ ನಾನು ಸುಮ್ಮನಿರ್ತಿದ್ದೆ, ನೀನೊಬ್ಬಳಾದ್ರೂ ನಂಬಿದ್ದೀಯಲ್ಲ ಅಂತ."

"ಸಂಶಯ ಬಂದಿದ್ದು ಇತ್ತೀಚೆಗೆ, ರೀ. ನೀವು ಕೇಳಬೇಡ ಅಂದ ಮೇಲೆ ಮಾತ್ರ," ಎಂದಳು ಪ್ರೊವಿ. ಅದು ನಿಜವೋ ಅಲ್ಲವೋ ಅವಳಿಗೇ ಖಾತ್ರಿಯಿರಲಿಲ್ಲ.

"ನನ್ನನ್ನ ಕೇಳಬಹುದಿತ್ತು. ಇಲ್ಲೇ ಇದ್ದೆ."

ಪ್ರೊವಿ ಒಳಗೆ ಹೋಗಿ ಇಬ್ಬರಿಗೂ ಕಾಫಿ ಸೋಸಿ ತಂದಳು. ಇಬ್ಬರೂ ಕುಡಿದರು.

ಕೊನ್ಫೆಸೋರ್ ಹೇಳಿದ್ದನ್ನು ಒತೇರೊ ಒಂದು ಮಾತೂ ಬದಲಿಸದೆ ಟೈಪ್ ಮಾಡಿ ಕಳಿಸಿದ. ಆಗ ಕಣ್ಣೇ ಕಾಣದಿದ್ದವನ ಸಾಕ್ಷಿ ಯಾರು ತೆಗೆದುಕೊಳ್ಳುತ್ತಾರೆ ಎಂದು ಅವನಿಗೂ ಅನುಮಾನವಿತ್ತು. ಆದರೆ ಮುಂದಿನ ವರ್ಷ ಈಸ್ಟರಿಗೆ ಮುಂಚೆ ತಿದ್ದಿದ ಕಾಗದ ಬಂತು, ಜೊತೆಗೆ ಪೆಟ್ಟಿಗೆಯಲ್ಲಿ ಪದಕ. ನೆರೈದಾ ಮಕ್ಕಳನ್ನೆಲ್ಲ ಕಟ್ಟಿಕೊಂಡು ಬಂದಳು. ಚಾಗೊ ಒಂದು ಹಂದಿಯ ತೊಡೆ ಕಳಿಸಿ, ತಾನು ಮಾತ್ರ ಮುಖ ತೋರಿಸಲಿಲ್ಲ. ಕೊನ್ಫೆಸೋರ್ ಎಲ್ಲರಿಗಿಂತ ಹೆಚ್ಚು ಉಂಡ.

ಎಲ್ಲರೂ ಹೋದ ಮೇಲೆ ಪ್ರೊವಿ ಮೇಜು ಒರೆಸುತ್ತಿದ್ದಳು. ಕಾಗದ ಬರುವವರೆಗಿನ ಆ ತಿಂಗಳುಗಳಲ್ಲಿ ತೊರಿಬಿಯೊ ಅವಳ ಜೊತೆ ಮಾತು ಬಿಟ್ಟಿರಲಿಲ್ಲ. ಊಟ, ಕೋಳಿ, ಮಳೆ ಎಲ್ಲದರ ಬಗ್ಗೆ ಆಡುತ್ತಿದ್ದ. ಆ ದಿನದ ಬಗ್ಗೆ ಮಾತ್ರ ಎತ್ತಿರಲಿಲ್ಲ. ಇವತ್ತು ಅವನು ನಗುತ್ತಿದ್ದುದನ್ನು ನೋಡಿ, ಮುಗಿಯಿತು, ಮರೆತಿದ್ದಾನೆ ಎಂದು ಅವಳಿಗೆ ಧೈರ್ಯ ಬಂದಿತ್ತು.

ತೊರಿಬಿಯೊ ಪದಕದ ಪೆಟ್ಟಿಗೆಯನ್ನೂ ಕಾಗದವನ್ನೂ ತಂದು ಅವಳ ಕೈಯಲ್ಲಿಟ್ಟ.

"ನೀನೇ ಇಟ್ಕೋ ಪ್ರೊವಿ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಇದು ಬೇಕಾಗಿದ್ದು ನಿನಗೆ. ಅಲ್ಲಿ ಏನಾಯ್ತು ಅಂತ ನನಗೆ ಮೊದಲೇ ಗೊತ್ತಿತ್ತು."

ಹಾಗೆಂದು ಕೋಳಿಗೂಡಿನ ಬಾಗಿಲು ಹಾಕಲು ಹೋದ. ಅವನು ಬೈದಿದ್ದರೆ ಪ್ರೊವಿ ತಿರುಗಿ ಬೈದು ಹಗುರಾಗುತ್ತಿದ್ದಳು. ಪೆಟ್ಟಿಗೆ ಹಿಡಿದುಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಅವನು ಒಳಗೆ ಬರುವವರೆಗೂ ಅಲ್ಲೇ ನಿಂತಿದ್ದಳು.